ಹೊಸ ಬ್ರೇಕ್ ಲಿವರ್ ಹಾಕಿದ್ದೀರಾ? ಮುಂದಿನ ಚಕ್ರ ಒಮ್ಮೆ ಎತ್ತಿ ತಿರುಗಿಸಿ ನೋಡಿ

ಆನ್‌ಲೈನ್‌ನಲ್ಲಿ ಸಿಗುವ ಬಣ್ಣಬಣ್ಣದ, ಮಡಚುವ, ಗಿಡ್ಡ ಬ್ರೇಕ್ ಲಿವರ್‌ಗಳನ್ನು ಬೈಕಿಗೆ ಹಾಕಿಕೊಂಡವರು ಇದನ್ನು ಓದಿ. ಹಾಕಿಕೊಳ್ಳಬೇಕು ಅಂತ ಇರುವವರು ಇನ್ನೂ ಗಮನ ಕೊಟ್ಟು ಓದಿ. ನನ್ನ ಬೈಕಿನ ಮುಂದಿನ ಬ್ರೇಕ್ ನಾನು ಲಿವರ್ ಮುಟ್ಟದೇ ಇದ್ದಾಗ ತಾನಾಗಿಯೇ ಹಿಡಿದುಕೊಂಡಿತು. ಚಕ್ರ ಪೂರ್ತಿ ಜಾಮ್. ಇಷ್ಟಕ್ಕೆಲ್ಲ ಕಾರಣ ಏನು ಅಂತ ಹುಡುಕಿದರೆ ಸಿಕ್ಕಿದ್ದು ಲಿವರಿನ ಒಳಮೂತಿಯಲ್ಲಿ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಇದ್ದ ಅಲ್ಯೂಮಿನಿಯಂ.

ಲಿವರ್ ಬದಲಾಯಿಸುವುದು ಮನೆಯಲ್ಲಿ ಮಾಡುವ ಕೆಲಸಗಳಲ್ಲೇ ಸುಲಭದ್ದು. ಒಂದು ಬೋಲ್ಟ್, ಅದರ ಕೆಳಗೆ ಒಂದು ನಟ್, ಅಷ್ಟೇ. ಪೈಪ್ ಬಿಚ್ಚಬೇಕಿಲ್ಲ, ಬ್ರೇಕ್ ಆಯಿಲ್ ಚೆಲ್ಲುವುದಿಲ್ಲ, ಪೈಪಿನೊಳಗಿನ ಗಾಳಿ ಹೊರತೆಗೆಯುವ ಬ್ಲೀಡಿಂಗ್ ಮಾಡಬೇಕಿಲ್ಲ. ಅದಕ್ಕೇ ಇದನ್ನು ಬ್ರೇಕ್ ಕೆಲಸ ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಗ್ರಿಪ್, ಕನ್ನಡಿ, ಸ್ಟಿಕ್ಕರ್ ಸಾಲಿನಲ್ಲಿ ಇದೂ ಒಂದು. ಮಾರುವವರೂ ಹಾಗೇ ಮಾರುತ್ತಾರೆ.

ನಾನು ತರಿಸಿಕೊಂಡ ಲಿವರಿನ ಪುಟದಲ್ಲಿ ನನ್ನ ಬೈಕಿನ ಮಾಡೆಲ್ ಇತ್ತು, ವರ್ಷ ಕೂಡ ಇತ್ತು. ಬಂದ ಮೇಲೆ ಪಿವಟ್ ತೂತಿಗೆ, ಅಂದರೆ ಲಿವರ್ ತಿರುಗುವ ಜಾಗದ ತೂತಿಗೆ, ಬೋಲ್ಟ್ ಸರಿಯಾಗಿ ಕೂತಿತು. ಗ್ರೀಸ್ ಹಚ್ಚಿ, ನಟ್ ಹದವಾಗಿ ಬಿಗಿ ಮಾಡಿದೆ. ಲಿವರ್ ಹಿಡಿದರೆ ಬರುತ್ತಿತ್ತು, ಬಿಟ್ಟರೆ ವಾಪಸ್ ಹೋಗುತ್ತಿತ್ತು. ಬ್ರೇಕ್ ಲೈಟ್ ಸರಿಯಾಗಿ ಹತ್ತಿ ಆರುತ್ತಿತ್ತು. ಓಡಿಸಿ ನೋಡಿದರೆ ಬ್ರೇಕ್ ಮೊದಲಿಗಿಂತ ಶಾರ್ಪ್! ಬೆರಳು ಮುಟ್ಟಿಸಿದರೆ ಸಾಕು, ಹಿಡಿಯುತ್ತಿತ್ತು. ಒಳ್ಳೆ ಮಾಲು ಅಂತಲೇ ಅನ್ನಿಸಿತು.

ಕೆಲಸಕ್ಕೆ ಹೋಗಿ ಬರುವ ಚಿಕ್ಕ ಓಡಾಟದಲ್ಲಿ ಏನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ದೂರದ ರೈಡಿನಲ್ಲಿ, ಗೆಳೆಯನ ಜೊತೆ ಹೊರಟಾಗ. ಮೊದಲು ಪಿಕಪ್ ಇಲ್ಲ ಅನ್ನಿಸಿತು. ಎದುರುಗಾಳಿ ಇರಬಹುದು ಅಂದುಕೊಂಡು ಆಕ್ಸಿಲರೇಟರ್ ಇನ್ನಷ್ಟು ತಿರುಗಿಸಿದೆ. ಆಮೇಲೆ ಒಂದು ಉದ್ದ ಇಳಿಜಾರು ಬಂತು. ಅಲ್ಲಿ ಆಕ್ಸಿಲರೇಟರ್ ಬಿಟ್ಟರೆ ಬೈಕ್ ಓಡಬೇಕಿತ್ತು ಅಲ್ವಾ? ಯಾರೋ ಹಿಂದಿನಿಂದ ಹಿಡಿದು ಎಳೆದಂತೆ ನಿಧಾನವಾಗುತ್ತಿತ್ತು. ಗೆಳೆಯ ಪಕ್ಕಕ್ಕೆ ಬಂದು ಕೂಗಿದ: "ಲೋ, ನಿನ್ನ ಗಾಡಿಯಿಂದ ಸುಟ್ಟ ವಾಸನೆ ಬರ್ತಿದೆ ಕಣೋ, ಸೈಡಿಗೆ ಹಾಕು!"

ಸೈಡಿಗೆ ಹಾಕೋಣ ಅಂತ ಲಿವರ್ ಹಿಡಿದರೆ ಅದು ಒಳಗೆ ಬರಲೇ ಇಲ್ಲ. ಕಲ್ಲಿನಂತೆ ಗಟ್ಟಿ. ರಸ್ತೆ ಬಿಟ್ಟು ಮಣ್ಣಿಗೆ ಇಳಿಯುವ ಹೊತ್ತಿಗೆ ಚಕ್ರ ನಿಂತೇಹೋಯಿತು, ಹ್ಯಾಂಡಲ್ ಮಡಚಿಕೊಂಡಿತು, ಬೈಕ್ ನನ್ನ ಕಾಲಿನ ಮೇಲೆ ಬಿತ್ತು. ವೇಗ ನಡಿಗೆಗಿಂತ ಸ್ವಲ್ಪ ಜಾಸ್ತಿ ಇತ್ತು ಅಷ್ಟೇ. ಬೂಟು ಇದ್ದಿದ್ದರಿಂದ ಪಾದ ಉಳುಕಿದ್ದರಲ್ಲೇ ಮುಗಿಯಿತು. ಅದೇ ಜಾಮ್ ಇಳಿಜಾರಿನ ನಡುವೆ ಆಗಿದ್ದರೆ ಈ ಬರಹ ಬರೆಯಲು ನಾನು ಇರುತ್ತಿರಲಿಲ್ಲವೇನೋ.

ಇಬ್ಬರೂ ಸೇರಿ ಬೈಕ್ ಎತ್ತಿದೆವು. ತಳ್ಳಿದರೆ ಒಂದು ಇಂಚು ಮುಂದೆ ಹೋಗುತ್ತಿರಲಿಲ್ಲ. ಡಿಸ್ಕ್ ನೋಡಿದರೆ ಬೆಳ್ಳಗೆ ಇರಬೇಕಾದದ್ದು ಸುತ್ತಲೂ ನೀಲಿ, ನೇರಳೆ ಬಣ್ಣಕ್ಕೆ ತಿರುಗಿತ್ತು. ಹತ್ತಿರ ಕೈ ಒಯ್ದರೇ ಬಿಸಿ ರಾಚುತ್ತಿತ್ತು. ಗೆಳೆಯ ಬಾಟಲಿ ನೀರು ಸುರಿಯಲು ಹೊರಟ. ಬೇಡ ಅಂದೆ. ಅಷ್ಟು ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು. ಡಿಸ್ಕನ್ನು ಪ್ಯಾಡುಗಳಿಂದ ಅದುಮಿ ಹಿಡಿಯುವ ಕ್ಯಾಲಿಪರಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯಾ ಅಂತ ಬಗ್ಗಿ ನೋಡಿದೆವು, ಏನೂ ಇಲ್ಲ. ಕೊನೆಗೆ ಗೆಳೆಯ ಹೇಳಿದ, "ಹೊಸದಾಗಿ ಹಾಕಿದ್ದು ಲಿವರ್ ಒಂದೇ ತಾನೇ? ಅದನ್ನೇ ಬಿಚ್ಚಿ ನೋಡು." ನಟ್ ತೆಗೆದು ಬೋಲ್ಟನ್ನು ಮೇಲಕ್ಕೆ ಎಳೆದೆ. ಲಿವರ್ ಈಚೆ ಬಂದ ಕ್ಷಣ ಆಯಿಲನ್ನು ಪೈಪಿಗೆ ಒತ್ತುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಒಂಚೂರು ಹೊರಕ್ಕೆ ಸರಿಯಿತು, ಆಯಿಲ್ ಡಬ್ಬಿಯೊಳಗೆ ಬುಳಕ್ ಅಂತು. ಚಕ್ರ ಫ್ರೀ.

ಮನೆಗೆ ಬಂದ ಮೇಲೆ ಹಳೇ ಲಿವರನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಪಿವಟ್ ತೂತಿನ ಪಕ್ಕದಲ್ಲಿ ಒಂದು ಉಬ್ಬು ಇರುತ್ತದೆ. ಅದೇ ಪಿಸ್ಟನ್ನನ್ನು ಒತ್ತುವ ಮೂತಿ. ಕಂಪನಿ ಲಿವರಿನ ಮೂತಿ ಸವೆದು ನುಣ್ಣಗಾಗಿತ್ತು. ಹೊಸದರದ್ದು ಚೂಪು ಅಂಚಿನ ಚೌಕ. ಮೆಷಿನ್ ಗೀರುಗಳು ಇನ್ನೂ ಕಾಣುತ್ತಿದ್ದವು. ವರ್ನಿಯರ್ ಹಿಡಿದು ಅಳೆದಾಗ ವ್ಯತ್ಯಾಸ ಸಿಕ್ಕಿತು, ಮೊದಲೇ ಹೇಳಿದ ಹಾಗೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ನಾನು ಕೈ ಬಿಟ್ಟಾಗಲೂ ಆ ಮೂತಿ ಪಿಸ್ಟನ್ನನ್ನು ಅಷ್ಟು ಒಳಕ್ಕೆ ತಳ್ಳಿಕೊಂಡೇ ಇತ್ತು.

ಒಂದು ಮಿಲಿಮೀಟರಿಗೆ ಇಷ್ಟೆಲ್ಲ ಆಗುತ್ತಾ ಅಂತ ಕೇಳುವವರಿಗೆ, ಆಗುತ್ತೆ. ಯಾಕೆ ಅಂತ ಗೊತ್ತಾಗಲು ಆಯಿಲ್ ಡಬ್ಬಿಯ ಅಡಿಯಲ್ಲಿ ಏನಿದೆ ಅನ್ನುವುದು ತಿಳಿದಿರಬೇಕು. ಅಲ್ಲಿ ಮಾಸ್ಟರ್ ಸಿಲಿಂಡರಿಗೆ ಇಳಿಯುವ ಎರಡು ತೂತುಗಳಿರುತ್ತವೆ. ಒಂದು ದೊಡ್ಡದು. ಇನ್ನೊಂದು ಎಷ್ಟು ಸಣ್ಣದು ಅಂದರೆ ಕಸ ಅಂದುಕೊಂಡು ಒರೆಸಿಬಿಡುತ್ತೀರಿ, ಅದರ ಅಗಲ ಒಂದು ಮಿಲಿಮೀಟರಿಗಿಂತ ಕಡಿಮೆ. ನೀವು ಲಿವರ್ ಬಿಟ್ಟಾಗ ಒಳಗಿನ ಸ್ಪ್ರಿಂಗ್ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ ಮೂತಿಯ ರಬ್ಬರ್ ವಾಷರ್ ಆ ಸಣ್ಣ ತೂತನ್ನು ದಾಟಿ ಹಿಂದೆ ಹೋಗಬೇಕು. ಹೋದರೆ ಪೈಪಿನಲ್ಲಿರುವ ಆಯಿಲಿಗೂ ಡಬ್ಬಿಯಲ್ಲಿರುವ ಆಯಿಲಿಗೂ ದಾರಿ ತೆರೆದುಕೊಳ್ಳುತ್ತದೆ. ಬ್ರೇಕ್ ಹಿಡಿದು ಹಿಡಿದು ಕಾದ ಆಯಿಲ್ ಹಿಗ್ಗಿದಾಗ ಜಾಸ್ತಿಯಾದದ್ದು ಆ ತೂತಿನಿಂದಲೇ ಮೇಲಕ್ಕೆ ಹೋಗುತ್ತದೆ.

ರಬ್ಬರ್ ವಾಷರ್ ತೂತಿನ ಮೇಲೆಯೇ ನಿಂತರೆ? ಹಿಗ್ಗಿದ ಆಯಿಲಿಗೆ ಹೋಗಲು ದಾರಿ ಇಲ್ಲ. ಅದು ಕ್ಯಾಲಿಪರಿನ ಪಿಸ್ಟನ್ನನ್ನೇ ತಳ್ಳುತ್ತದೆ. ಪ್ಯಾಡ್ ಡಿಸ್ಕಿಗೆ ತಿಕ್ಕುತ್ತದೆ. ತಿಕ್ಕಿದರೆ ಬಿಸಿ. ಬಿಸಿಯಾದರೆ ಆಯಿಲ್ ಇನ್ನೂ ಹಿಗ್ಗುತ್ತದೆ, ಪ್ಯಾಡ್ ಇನ್ನೂ ಬಿಗಿಯುತ್ತದೆ. ನಿಮ್ಮ ಕೈ ಲಿವರಿನ ಹತ್ತಿರ ಇಲ್ಲದಿದ್ದರೂ ಬ್ರೇಕ್ ತನ್ನಷ್ಟಕ್ಕೆ ತಾನೇ ಬಿಗಿಯುತ್ತಾ ಹೋಗುತ್ತದೆ.

ಇದರಲ್ಲಿ ಮೋಸ ಎಲ್ಲಿದೆ ಅಂದರೆ, ಬೈಕ್ ತಣ್ಣಗಾದರೆ ಎಲ್ಲ ಸರಿಹೋಗುತ್ತದೆ. ಆಯಿಲ್ ಕುಗ್ಗುತ್ತದೆ, ಚಕ್ರ ಆರಾಮಾಗಿ ತಿರುಗುತ್ತದೆ. ಮೆಕ್ಯಾನಿಕ್ ಹತ್ತಿರ ಹೋಗುವಷ್ಟರಲ್ಲಿ ತೋರಿಸಲು ಏನೂ ಇರುವುದಿಲ್ಲ. "ಏನೂ ಇಲ್ಲ ಸಾರ್, ಚೆನ್ನಾಗೇ ಇದೆಯಲ್ಲ" ಅಂತ ಕಳಿಸಿಬಿಡುತ್ತಾರೆ. ಚಿಕ್ಕ ಓಡಾಟದಲ್ಲಿ ನನಗೆ ಗೊತ್ತಾಗದೆ ಇದ್ದದ್ದೂ ಇದೇ ಕಾರಣಕ್ಕೆ. ಬ್ರೇಕ್ ಬಿಸಿಯಾಗುವ ಮೊದಲೇ ಬೈಕ್ ನಿಲ್ಲಿಸುತ್ತಿದ್ದೆ.

ಇನ್ನೊಂದು ಅಪಾಯ ಆಮೇಲೆ ಬರುವಂಥದ್ದು. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ಆದರೆ ಅದು ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಹೀರಿದ ಆಯಿಲಿಗೆ ಇರುವ ಮಿತಿ 155 ಡಿಗ್ರಿ ಮಾತ್ರ. ಪ್ಯಾಡ್ ಹೀಗೆ ತಿಕ್ಕುತ್ತಾ ಇದ್ದರೆ ಕ್ಯಾಲಿಪರ್ ಒಳಗಿನ ಹಳೇ ಆಯಿಲ್ ಕುದಿಯಬಹುದು. ಕುದಿದರೆ ಒಳಗೆ ಆವಿಯ ಗುಳ್ಳೆ. ಆಗ ಲಿವರ್ ಹಿಡಿದರೆ ಮೆತ್ತಗೆ ಹ್ಯಾಂಡಲ್ ತನಕ ಬಂದುಬಿಡುತ್ತದೆ, ಬ್ರೇಕೇ ಇರುವುದಿಲ್ಲ. ಹಾಗಾಗಿ ಜಾಮ್ ಬಿಟ್ಟಿತು ಅಂತ ಮತ್ತೆ ಹತ್ತಿ ಹೊರಡಬೇಡಿ. ನಾನು ಬೈಕನ್ನು ಬೇರೆ ಗಾಡಿಯಲ್ಲಿ ಹಾಕಿಸಿಕೊಂಡು ಬಂದೆ. ಪ್ಯಾಡುಗಳು ಗಾಜಿನಂತೆ ಹೊಳೆಯುತ್ತಿದ್ದವು. ಪ್ಯಾಡ್, ಕ್ಯಾಲಿಪರ್ ಸೀಲ್, ಆಯಿಲ್ ಎಲ್ಲ ಬದಲಾಯಿಸಬೇಕಾಯಿತು. ಡಿಸ್ಕೂ ಸೊಟ್ಟಗಾಗಿತ್ತು.

ಮಾರಿದವನಿಗೆ ಫೋಟೋ ಸಮೇತ ಬರೆದೆ. ಬಂದ ಉತ್ತರ: "ಸಾರ್, ಸ್ವಲ್ಪ ಅರ ಹಾಕಿ ಉಜ್ಜಿಕೊಳ್ಳಿ, ಎಲ್ಲರೂ ಹಾಗೇ ಮಾಡ್ತಾರೆ." ಬ್ರೇಕಿನ ಭಾಗ ಮಾರುವವನ ಬಾಯಿಂದ ಬರುವ ಮಾತಾ ಇದು? ಇಂಥ ಲಿವರ್‌ಗಳಲ್ಲಿ ಹಿಡಿಕೆ ಬಹಳಷ್ಟು ಬೈಕುಗಳಿಗೆ ಒಂದೇ. ಪಿವಟ್ ಹತ್ತಿರದ ಚಿಕ್ಕ ತುಂಡು ಮಾತ್ರ ಮಾಡೆಲಿಗೆ ತಕ್ಕಂತೆ ಬದಲಾಗುತ್ತದೆ. ಆ ತುಂಡು ಹತ್ತಿರದ ಇನ್ಯಾವುದೋ ಮಾಡೆಲಿನದ್ದಾದರೂ ಬೋಲ್ಟ್ ಕೂರುತ್ತದೆ, ಲಿವರ್ ಆಡುತ್ತದೆ, ಸರಿಯಾಗಿದೆ ಅಂತಲೇ ಅನ್ನಿಸುತ್ತದೆ. ಅರ ಹಾಕಿ ಉಜ್ಜುವವರು ಇದ್ದಾರೆ, ನಿಜ. ನನ್ನ ಮಟ್ಟಿಗೆ ಅದು ಬೇಡವೇ ಬೇಡ. ಕೈಯಲ್ಲಿ ಉಜ್ಜಿದ ಮೂತಿ ಪಿಸ್ಟನ್ನಿಗೆ ಸಮವಾಗಿ ತಾಗುವುದಿಲ್ಲ. ಜಾಸ್ತಿ ಉಜ್ಜಿದರೆ ಲಿವರ್ ಅರ್ಧ ದಾರಿ ಸುಮ್ನೆ ಬರುತ್ತದೆ.

ಈಗ ನಿಮ್ಮ ಬೈಕ್ ನೋಡಿಕೊಳ್ಳುವುದು ಹೇಗೆ ಅಂತ ಹೇಳುತ್ತೇನೆ. ಮೊದಲು ಲಿವರಿನ ತುದಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ಎಳೆಯಿರಿ. ಪಿಸ್ಟನ್ ಒತ್ತುವ ಮೊದಲು ತುದಿಯಲ್ಲಿ ಒಂದಿಷ್ಟು ಮಿಲಿಮೀಟರ್ ಸಡಿಲ ಆಟ ಇರಬೇಕು. ಎಷ್ಟು ಅನ್ನುವುದು ನಿಮ್ಮ ಬೈಕಿನ ಮ್ಯಾನ್ಯುಯಲ್‌ನಲ್ಲಿ ನೋಡಿ. ಒಂಚೂರೂ ಆಟ ಇಲ್ಲದೆ ಮುಟ್ಟಿದ ಕೂಡಲೇ ಗಟ್ಟಿ ಅನ್ನಿಸಿದರೆ ಅಲ್ಲೇ ಅನುಮಾನ ಪಡಿ. ಹ್ಯಾಂಡಲಿನಿಂದ ಲಿವರ್ ಎಷ್ಟು ದೂರ ಇರಬೇಕು ಅಂತ ಹೊಂದಿಸುವ ನಂಬರ್ ಗಾಲಿ ಇರುವ ಲಿವರ್ ಆದರೆ 1ರಿಂದ ಕೊನೆಯ ನಂಬರಿನ ತನಕ ಪ್ರತಿಯೊಂದರಲ್ಲೂ ನೋಡಿ. ಒಂದು ನಂಬರಿನಲ್ಲಿ ಸರಿ ಇದ್ದು ಇನ್ನೊಂದರಲ್ಲಿ ಆಟ ಇಲ್ಲದೆ ಹೋಗಬಹುದು.

ಎರಡನೆಯದು ಆಯಿಲ್ ಡಬ್ಬಿಯ ಪರೀಕ್ಷೆ. ನನಗೆ ಇದರ ಮೇಲೆಯೇ ಹೆಚ್ಚು ನಂಬಿಕೆ. ಹ್ಯಾಂಡಲ್ ತಿರುಗಿಸಿ ಡಬ್ಬಿಯನ್ನು ಮಟ್ಟಕ್ಕೆ ತನ್ನಿ. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಬ್ರೇಕ್ ಆಯಿಲ್ ಪೇಂಟನ್ನು ತಿಂದುಹಾಕುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಮುಚ್ಚಳದ ಸ್ಕ್ರೂ ತೆಗೆದು, ರಬ್ಬರ್ ಎತ್ತಿ, ಲಿವರನ್ನು ತೀರಾ ಮೆಲ್ಲಗೆ ಸ್ವಲ್ಪವೇ ಎಳೆಯಿರಿ. ಎಳೆಯಲು ಶುರು ಮಾಡಿದ ಕೂಡಲೇ ಆ ಸಣ್ಣ ತೂತಿನಿಂದ ಆಯಿಲ್ ಚಿಲುಮೆಯಂತೆ ಒಂದು ಸಲ ಉಕ್ಕಬೇಕು, ಮೇಲ್ಮೈ ಅಲುಗಬೇಕು. ಉಕ್ಕಿತೋ, ತೂತು ತೆರೆದಿದೆ. ಏನೂ ಅಲುಗದಿದ್ದರೆ ಮುಚ್ಚಿಕೊಂಡಿದೆ. ಜೋರಾಗಿ ಎಳೆದರೆ ಮುಖಕ್ಕೇ ಹಾರುತ್ತದೆ, ಹುಷಾರು.

ತೂತು ಮುಚ್ಚಿಕೊಳ್ಳಲು ಲಿವರೇ ಕಾರಣ ಆಗಬೇಕಿಲ್ಲ. ಬಹಳ ಕಾಲ ಆಯಿಲ್ ಬದಲಾಯಿಸದೆ ಬಿಟ್ಟ ಬೈಕುಗಳಲ್ಲಿ ಅಡಿಯಲ್ಲಿ ಗಷ್ಟು ಕಟ್ಟಿ ಅದೇ ತೂತು ಮುಚ್ಚಿಹೋಗುತ್ತದೆ. ಲಕ್ಷಣ ಎಲ್ಲ ಇದೇ ಥರ. ಡಬ್ಬಿಯನ್ನು ಮೇಲಿನ ಗೆರೆ ದಾಟಿ ತುಂಬಿಸಿದರೂ ಹಿಗ್ಗಲು ಜಾಗ ಸಿಗದೆ ಹೀಗೇ ಆಗಬಹುದು. ಪ್ಯಾಡ್ ಸವೆದಾಗ ಆಯಿಲ್ ಮಟ್ಟ ಇಳಿಯುತ್ತದೆ. ಆಗ ತುಂಬಿಸಿಟ್ಟು ಆಮೇಲೆ ಹೊಸ ಪ್ಯಾಡ್ ಹಾಕಿದರೆ ಅಷ್ಟೂ ಮೇಲಕ್ಕೆ ಬರುತ್ತದೆ.

ಕೊನೆಗೆ ಬಿಸಿ ನೋಡಿ. ಮುಂದಿನ ಬ್ರೇಕ್ ಬಳಸದೆ ಒಂದಷ್ಟು ದೂರ ಖಾಲಿ ರಸ್ತೆಯಲ್ಲಿ ಹೋಗಿ, ಹಿಂದಿನ ಬ್ರೇಕಿನಲ್ಲೇ ನಿಲ್ಲಿಸಿ, ಮುಂದಿನ ಡಿಸ್ಕಿನ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ. ಬಿಸಿ ರಾಚಿದರೆ ಏನೋ ಹಿಡಿದುಕೊಂಡಿದೆ ಅಂತಲೇ ಲೆಕ್ಕ. ಆಮೇಲೆ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ತಣ್ಣಗಿದ್ದಾಗ ತಿರುಗಿಸಿ ನೋಡುವುದಕ್ಕೆ ಬೆಲೆ ಕಡಿಮೆ, ಬಿಸಿ ಇದ್ದಾಗ ನೋಡಬೇಕು.

ದಾರಿಯಲ್ಲಿ ಹೀಗೆ ಸಿಕ್ಕಿಕೊಂಡರೆ ಲಿವರಿನ ಬೋಲ್ಟ್ ತೆಗೆಯಿರಿ, ಬಿಡುತ್ತದೆ. ಬಿಡದಿದ್ದರೆ ಕಾರಣ ಬೇರೆ. ಆಗ ತಣ್ಣಗಾಗುವ ತನಕ ಕಾಯುವುದೇ ಸರಿ. ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಗಾಳಿ, ಆಯಿಲ್ ಹೊರಬಿಡುವ ಚಿಕ್ಕ ಸ್ಕ್ರೂ) ಸಡಿಲಿಸಿದರೂ ಒತ್ತಡ ಇಳಿಯುತ್ತದೆ, ಆದರೆ ಬಿಸಿ ಆಯಿಲ್ ಕೈಗೆ ಸಿಡಿಯಬಹುದು, ಪ್ಯಾಡಿಗೂ ಬೀಳಬಹುದು, ಒಳಗೆ ಗಾಳಿ ಸೇರಬಹುದು. ತೀರಾ ಗತಿ ಇಲ್ಲದಿದ್ದರೆ ಮಾತ್ರ ಮಾಡಿ.

ಹಿಂದಿನ ಡಿಸ್ಕ್ ಬ್ರೇಕಿನಲ್ಲೂ ಇದೇ ಕಥೆ. ಪೆಡಲ್ ಎತ್ತರ ಬದಲಾಯಿಸಲು ಪಿಸ್ಟನ್ನನ್ನು ತಳ್ಳುವ ಕಡ್ಡಿಯನ್ನು (ಪುಶ್ ರಾಡ್) ತಿರುಗಿಸುವವರು ಆಟ ಉಳಿದಿದೆಯಾ ಅಂತ ನೋಡಿಕೊಳ್ಳಿ. ಕ್ಲಚ್ ಲಿವರ್ ಕೇಬಲ್ಲಿನದ್ದಾದರೆ ಆಟ ಇಲ್ಲದಿದ್ದಾಗ ಕ್ಲಚ್ ಜಾರುತ್ತದೆ, ಪ್ಲೇಟ್ ಸುಡುತ್ತದೆ. ಜೇಬಿಗೆ ಹೊಡೆತ, ಪ್ರಾಣಕ್ಕಲ್ಲ.

ಜಗಳ ಆಡಿದ ಮೇಲೆ ಲಿವರಿನ ದುಡ್ಡು ವಾಪಸ್ ಬಂತು, ಡಿಸ್ಕಿನದ್ದು ಬರಲಿಲ್ಲ. ಆ ಲಿವರ್ ಈಗಲೂ ಮಾರಾಟಕ್ಕಿದೆ, ನನ್ನ ಮಾಡೆಲ್ ಹೆಸರೂ ಪುಟದಲ್ಲಿದೆ. ಅದರ ಕೆಳಗೆ ಜನ ಬರೆದದ್ದನ್ನೆಲ್ಲ ಮತ್ತೆ ಓದಿದೆ. "ಬ್ರೇಕ್ ತುಂಬಾ ಶಾರ್ಪ್ ಆಯ್ತು, ಮುಟ್ಟಿದರೆ ಸಾಕು" ಅಂತ ಐದು ಸ್ಟಾರ್ ಕೊಟ್ಟವರಿದ್ದಾರೆ. "ಲಿವರ್ ಚೆನ್ನಾಗಿದೆ, ಆದರೆ ಯಾಕೋ ಮೈಲೇಜ್ ಕಡಿಮೆಯಾಗಿದೆ" ಅಂತ ಒಬ್ಬರು. "ಪ್ಯಾಡ್ ಬೇಗ ಸವೆಯುತ್ತಿದೆ" ಅಂತ ಇನ್ನೊಬ್ಬರು. ಯಾವುದೇ ಲಿವರ್ ಕೊಳ್ಳುವ ಮುಂಚೆ ಇಂಥ ಸಾಲುಗಳನ್ನು ಹುಡುಕಿ. ಅದನ್ನು ಬರೆದವರಲ್ಲಿ ನೀವೂ ಒಬ್ಬರಾಗಿದ್ದರೆ, ನಾಳೆ ಬೈಕ್ ತೆಗೆಯುವ ಮೊದಲು ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ.