ರವೆ ಇಡ್ಲಿ ಹಿಟ್ಟಿಗೆ ಯಾವ ಮೊಸರಿನ ಪುಡಿ? ನಾಲ್ಕು ಬಗೆ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಾನೀಗ ಕೊಳ್ಳುತ್ತಿರುವುದು ಒಂದು ಕೆಜಿ ಪೊಟ್ಟಣದಲ್ಲಿ ಬರುವ, ಕೆನೆ ತೆಗೆದ ಹಾಲು ಮತ್ತು ಹೆಪ್ಪು ಬಿಟ್ಟರೆ ಬೇರೇನೂ ಸೇರದ, ಸ್ಪ್ರೇ ಡ್ರೈ ಮಾಡಿದ, ಅಂದರೆ ಬಿಸಿಗಾಳಿಯಲ್ಲಿ ಸಣ್ಣ ಹನಿಯಾಗಿ ಚಿಮ್ಮಿಸಿ ಒಣಗಿಸಿದ ಮೊಸರಿನ ಪುಡಿಯನ್ನು. ಕೆಜಿಗೆ 560 ರೂಪಾಯಿ. ಇದಕ್ಕಿಂತ ಅಗ್ಗದ ಪುಡಿಯೂ ಇದೆ, ಇದಕ್ಕಿಂತ ಎಷ್ಟೋ ರುಚಿಯಾದ ಪುಡಿಯೂ ಇದೆ. ಎರಡನ್ನೂ ತಂದು ಬಳಸಿದ್ದೇನೆ. ಅಗ್ಗದ್ದರಿಂದ ಒಂದು ಮಳೆಗಾಲದ ವ್ಯಾಪಾರವೇ ಕೆಟ್ಟಿತು. ರುಚಿಯಾದದ್ದು ನನ್ನ ಕೆಲಸಕ್ಕೆ ಬೇಕಾಗಿರಲಿಲ್ಲ.

ನಾವು ಸಾಗರದಲ್ಲಿ ಮನೆಯ ಹಿಂಬದಿಯ ಎರಡು ಕೋಣೆಗಳಲ್ಲಿ ರವೆ ಇಡ್ಲಿಯ ಸಿದ್ಧಹಿಟ್ಟನ್ನೂ ಮಸಾಲೆ ಮಜ್ಜಿಗೆಯ ಪುಡಿಯನ್ನೂ ಮಾಡುತ್ತೇವೆ. ರವೆ ಹುರಿಯುವುದು ಅತ್ತಿಗೆ, ತೂಕ ಮತ್ತು ಲೆಕ್ಕ ನನ್ನದು. ತಿಂಗಳಿಗೆ 120 ಕೆಜಿ ಹಿಟ್ಟು ಹೋಗುತ್ತದೆ. ಮೊದಮೊದಲು ಪೊಟ್ಟಣದ ಮೇಲೆ ‘ಹುಳಿ ಮೊಸರು ಸೇರಿಸಿ ಕಲಸಿ’ ಎಂದು ಅಚ್ಚು ಹಾಕಿಸಿದ್ದೆವು. ಕೊಳ್ಳುವವರಲ್ಲಿ ಬಹಳ ಮಂದಿ ಊರು ಬಿಟ್ಟು ದೂರದಲ್ಲಿ ಒಂದು ಕೋಣೆ ಹಿಡಿದು ಇರುವ ಮಕ್ಕಳಿಗೆ ಕಳಿಸುವವರು. ಅಲ್ಲಿ ಹುಳಿ ಮೊಸರು ಎಲ್ಲಿಂದ ಬರಬೇಕು? ನೀರು ಹಾಕಿದರೆ ಸಾಕು ಅನ್ನುವಂಥದ್ದು ಬೇಕಿತ್ತು. ಹಾಗೆ ಮೊಸರಿನ ಪುಡಿಯ ಬೆನ್ನು ಹತ್ತಿದೆ.

ಹುಡುಕಲು ಹೊರಟಾಗ ತಿಳಿದ ಮೊದಲ ಸಂಗತಿಯೆಂದರೆ, ಈ ಪುಡಿಯ ವ್ಯಾಪಾರ ನಮ್ಮ ಅಡುಗೆಮನೆಗಿಂತ ಬಹಳ ದೊಡ್ಡದು. ಆಲೂ ಚಿಪ್ಸಿನ ಮೇಲೆ ಉದುರಿಸುವ ಹುಳಿ ಮಸಾಲೆ, ಬಿಸ್ಕತ್ತಿನ ನಡುವಿನ ಕ್ರೀಮ್, ಒಣದ್ರಾಕ್ಷಿಯ ಮೇಲಿನ ಬಿಳಿ ಲೇಪ, ಮಕ್ಕಳ ಧಾನ್ಯದ ಆಹಾರ, ಎಲ್ಲಕ್ಕೂ ಇದು ಬೇಕು. ಇದರ ಬೆಲೆ ಕೆನೆ ತೆಗೆದ ಹಾಲಿನ ಪುಡಿಯ ಬೆಲೆಯ ಹಿಂದೆ ಹೋಗುತ್ತದೆ. ಆ ಹಾಲಿನ ಪುಡಿಗೆ ಜಗತ್ತಿನಲ್ಲಿ ದರ ಕಟ್ಟುವ ಒಂದು ಮುಖ್ಯ ಜಾಗ 2008ರಲ್ಲಿ ನ್ಯೂಜಿಲೆಂಡಿನ ಫೊಂಟೆರಾ ಸಹಕಾರಿ ಸಂಸ್ಥೆ ಆರಂಭಿಸಿದ ಗ್ಲೋಬಲ್ ಡೇರಿ ಟ್ರೇಡ್ ಎಂಬ ಆನ್‌ಲೈನ್ ಹರಾಜು. ಬಾಳಿಕೆಗಾಗಿ ಮೊಸರು ಒಣಗಿಸುವುದಂತೂ ಹಳೆಯ ವಿದ್ಯೆ: ಮಧ್ಯ ಏಷ್ಯಾದ ಕುರುತ್, ಜೋರ್ಡಾನಿನ ಜಮೀದ್ ಎರಡೂ ನೀರು ಬಸಿದು ಉಪ್ಪು ಹಾಕಿ ಒಣಗಿಸಿದ ಮೊಸರಿನ ಉಂಡೆಗಳೇ.

ಎರಡನೆಯ ಸಂಗತಿ ನನ್ನನ್ನು ಸಿಟ್ಟಿಗೆಬ್ಬಿಸಿತು. ಹಸಿ ಮೊಸರು ಹೇಗಿರಬೇಕು ಎಂಬುದಕ್ಕೆ ಆಹಾರದ ಗುಣಮಟ್ಟ ಗೊತ್ತುಮಾಡುವ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡವಿದೆ: ಯೋಗರ್ಟ್ ಅನ್ನಬೇಕಾದರೆ ಯಾವ ಎರಡು ಬಗೆಯ ಸೂಕ್ಷ್ಮಾಣುಗಳಿಂದ ಹೆಪ್ಪುಗಟ್ಟಿರಬೇಕು, ಪ್ರೋಟೀನ್ ಕನಿಷ್ಠ ಶೇ. 2.7 ಇರಬೇಕು ಎಂದೆಲ್ಲ. ಅದೇ ಪುಡಿಯಾಗಿ ಸಗಟು ಅಂಗಡಿಗೆ ಬಂದಾಗ ನನಗೆ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಪದಾರ್ಥಗಳನ್ನು ತೋರಿಸಿದರು. ಒಂದು, ನಿಜವಾಗಿ ಮೊಸರು ಮಾಡಿ ಒಣಗಿಸಿದ್ದು. ಇನ್ನೊಂದು, ಮೊಸರಿಗೆ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಪಿಷ್ಟದ ಪುಡಿ ಬೆರೆಸಿ ಒಣಗಿಸಿದ್ದು. ಮೂರನೆಯದು, ಹಾಲೊಡಕಿನ, ಅಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನ, ಪುಡಿಗೆ ಹುಳಿ ಬೆರೆಸಿದ್ದು. ಮೂರೂ ಬಿಳಿ, ಮೂರೂ ನಾಲಿಗೆಗೆ ಹುಳಿ.

ನಾನು ಮೊದಲು ಕೊಂಡದ್ದು ಮೂರನೆಯದನ್ನು. ಕೆಜಿಗೆ 340 ರೂಪಾಯಿಯಂತೆ 25 ಕೆಜಿಯ ಚೀಲ, 8,500 ರೂಪಾಯಿ. ಚೀಲದ ಹಿಂದೆ ಬರೆದಿದ್ದನ್ನು ಓದಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ನಮ್ಮ ದೇಶದ ನಿಯಮದ ಪ್ರಕಾರ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಆ ಚೀಲದ ಮೇಲೆ ಮೊದಲು ಇದ್ದದ್ದು ಹಾಲೊಡಕಿನ ಪುಡಿ, ಆಮೇಲೆ ಮಾಲ್ಟೋಡೆಕ್ಸ್‌ಟ್ರಿನ್, ಮೊಸರು ಮೂರನೆಯದು, ಕೊನೆಗೆ 330, 551 ಎಂಬ ಸಂಖ್ಯೆಗಳು. 330 ಎಂದರೆ ಸಿಟ್ರಿಕ್ ಆಮ್ಲ, ನಿಂಬೆಯ ಹುಳಿ. 551 ಎಂದರೆ ಗಂಟು ಕಟ್ಟದಿರಲು ಹಾಕುವ ಸಿಲಿಕಾನ್ ಡೈಆಕ್ಸೈಡ್. ಪ್ರೋಟೀನ್ ನೂರು ಗ್ರಾಮಿಗೆ 9 ಗ್ರಾಂ. ಕೆನೆ ತೆಗೆದ ಹಾಲಿನ ಪುಡಿಯಲ್ಲಿ ಸುಮಾರು 35 ಗ್ರಾಂ ಇರುತ್ತದೆ. ಅದೇ ಹಾಲಿನ ಮೊಸರನ್ನು ಒಣಗಿಸಿದರೆ ಪ್ರೋಟೀನ್ ಎಲ್ಲಿಗೂ ಓಡಿಹೋಗುವುದಿಲ್ಲ, 30ರ ಮೇಲೆ ಇರಲೇಬೇಕು. ಈಗ ನಾನು ಯಾವ ಪೊಟ್ಟಣ ಕೈಗೆತ್ತಿಕೊಂಡರೂ ಮೊದಲು ನೋಡುವುದು ಈ ಒಂದು ಅಂಕಿಯನ್ನು.

ಬೆಲೆಯೂ ಗುಟ್ಟು ಬಿಟ್ಟುಕೊಡುತ್ತದೆ. ಕೆನೆ ತೆಗೆದ ಹಾಲಿನಲ್ಲಿ ನೀರು ಹೋದರೆ ಉಳಿಯುವ ಗಟ್ಟಿ ಅಂಶ ಶೇ. 9ರಷ್ಟು. ಹಾಗಾದರೆ ಒಂದು ಕೆಜಿ ಪುಡಿಗೆ ಹತ್ತು–ಹನ್ನೊಂದು ಲೀಟರ್ ಹಾಲಿನ ಮೊಸರು ಬೇಕು. ಕೆನೆಯನ್ನು ತುಪ್ಪಕ್ಕೋ ಬೆಣ್ಣೆಗೋ ಮಾರಿಕೊಂಡರೂ, ಅಷ್ಟು ಹಾಲು, ಒಣಗಿಸುವ ಖರ್ಚು, ಸಾಗಣೆ, ನಡುವಿನವರ ಲಾಭ ಎಲ್ಲ ಸೇರಿ 340 ರೂಪಾಯಿಗೆ ನನ್ನ ಬಾಗಿಲಿಗೆ ಬರಬೇಕಾದರೆ ಒಳಗೆ ಬೇರೆ ಏನೋ ಇದೆ ಎಂದೇ ಅರ್ಥ.

ಚೀಲ ಬಂದದ್ದು ಜೂನ್ ನಡುವಿನಲ್ಲಿ. ಒಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ ಏಳು ಕೆಜಿ ತೆಗೆದುಕೊಂಡು, ಬಾಯಿಗೆ ದಾರ ಬಿಗಿದು, ನೆಲಕ್ಕೆ ತಾಗದಂತೆ ಮಣೆಯ ಮೇಲೆ ಇಟ್ಟೆವು. ಮೊದಲ ವಾರ ಪುಡಿ ಮೈದಾ ಹಿಟ್ಟಿನಂತೆ ಹರಿಯುತ್ತಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ಅಂಚಿನಲ್ಲಿ ಕಡಲೆಕಾಳಿನ ಗಾತ್ರದ ಗಂಟುಗಳು ಕಂಡವು. ಜರಡಿ ಹಿಡಿದೆವು. ಪುನರ್ವಸು ಬರುವ ಹೊತ್ತಿಗೆ ಚಮಚ ಇಳಿಯಲಿಲ್ಲ. ಇಡೀ ಚೀಲ ಒಂದೇ ಬಂಡೆ, ಬಡಿದರೆ ಟಣ್ ಎನ್ನುವಷ್ಟು ಗಟ್ಟಿ. ಮುರಿದ ತುಂಡನ್ನು ಬೆಳಕಿಗೆ ಹಿಡಿದರೆ ಅಂಚು ಬೆಲ್ಲದ ಅಚ್ಚಿನ ಹಾಗೆ ಮಿನುಗುತ್ತಿತ್ತು, ಬೆರಳಿಗೆ ಅಂಟುತ್ತಿತ್ತು.

ಹೀಗಾಗುವುದು ಏಕೆಂದರೆ, ಹಾಲಿನ ಸಕ್ಕರೆ ಲ್ಯಾಕ್ಟೋಸ್ ಬಿಸಿಗಾಳಿಯ ಗೋಪುರದಲ್ಲಿ ಸಣ್ಣ ಹನಿಯಾಗಿ ಚಿಮ್ಮಿ ಕ್ಷಣಾರ್ಧದಲ್ಲಿ ಒಣಗುತ್ತದೆ. ಹರಳು ಕಟ್ಟಿಕೊಳ್ಳಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಗಾಜಿನಂಥ ಸ್ಥಿತಿಯಲ್ಲಿ ಉಳಿದುಬಿಡುತ್ತದೆ. ಗಾಳಿಯ ತೇವ ತಗುಲಿದರೆ ಆ ಗಾಜು ಮೆತ್ತಗಾಗಿ ಪಕ್ಕದ ಕಣಕ್ಕೆ ಅಂಟಿಕೊಳ್ಳುತ್ತದೆ, ಆಮೇಲೆ ಹರಳಾಗಿ ಗಟ್ಟಿಯಾಗುತ್ತದೆ. ಹುಳಿ ಅಂಶ ಇದ್ದರೆ ಇದು ಇನ್ನೂ ಬೇಗ. ಹಾಲೊಡಕಿನ ಪುಡಿಯಲ್ಲಿ ಲ್ಯಾಕ್ಟೋಸ್ ಶೇ. 70ರ ಆಸುಪಾಸು. ಅದರ ಮೇಲೆ ಸಿಟ್ರಿಕ್ ಆಮ್ಲ, ಅದರ ಮೇಲೆ ಮಲೆನಾಡಿನ ಜುಲೈ. ಬಟ್ಟೆ ಮೂರು ದಿನ ಒಣಗದ ಮನೆಯಲ್ಲಿ ಅಂಥ ಪುಡಿ ಉಳಿಯುವುದು ಸಾಧ್ಯವೇ ಇರಲಿಲ್ಲ.

ಇಷ್ಟಕ್ಕೆ ನಿಂತಿದ್ದರೆ ನಷ್ಟ ನನ್ನೊಬ್ಬಳದಾಗುತ್ತಿತ್ತು. ದುಡ್ಡು ಕೊಟ್ಟದ್ದು ಹಾಳಾಗಬಾರದು ಎಂದು ತುಂಡುಗಳನ್ನು ಕುಟ್ಟಿ, ಮಿಕ್ಸಿಯಲ್ಲಿ ತಿರುಗಿಸಿ, ಜರಡಿ ಹಿಡಿದು ಹಿಟ್ಟಿಗೆ ಬೆರೆಸಿದೆವು. ಕಣ್ಣಿಗೆ ಪುಡಿ ಚೆನ್ನಾಗಿಯೇ ಇತ್ತು. ಆದರೆ ಕುಡಿದ ತೇವ ಒಳಗೇ ಇತ್ತು. ರವೆ ಇಡ್ಲಿ ಹಿಟ್ಟಿನಲ್ಲಿ ಅಡುಗೆ ಸೋಡಾ ಇರುತ್ತದೆ. ಸೋಡಾ ಮತ್ತು ಹುಳಿ ಇಡ್ಲಿ ತಟ್ಟೆಯಲ್ಲಿ ಸೇರಬೇಕು. ತೇವ ಇದ್ದರೆ ಪೊಟ್ಟಣದೊಳಗೇ ಸೇರುತ್ತವೆ. ಎರಡು ವಾರದ ಮೇಲೆ ಹುಬ್ಬಳ್ಳಿಯಿಂದ ಒಬ್ಬ ಹಿರಿಯರು ಫೋನ್ ಮಾಡಿದರು: “ಪೊಟ್ಟಣ ದಿಂಬಿನ ಹಾಗೆ ಉಬ್ಬಿದೆಯಲ್ಲಮ್ಮಾ, ಇದನ್ನು ತಿನ್ನಬಹುದೇ?” ತಿನ್ನಬೇಡಿ ಎಂದೆ. ಮೊಮ್ಮಗನಿಗೆಂದು ತರಿಸಿದ್ದರಂತೆ. ಅಂಗಡಿಗಳಿಂದ 42 ಪೊಟ್ಟಣ ವಾಪಸು ತರಿಸಿಕೊಂಡೆವು. ಒಂದನ್ನು ಒಡೆದು ಇಡ್ಲಿ ಹಾಕಿ ನೋಡಿದೆ. ಸೋಡಾ ಮೊದಲೇ ಸತ್ತಿದ್ದರಿಂದ ಇಡ್ಲಿ ಉಬ್ಬಲಿಲ್ಲ, ಅಂಗೈಯಷ್ಟು ದಪ್ಪದ ರವೆಯ ಬಿಲ್ಲೆಯಾಗಿ ಕುಳಿತಿತ್ತು. ಮಾರಿದವರನ್ನು ಕೇಳಿದರೆ “ಮೇಡಂ, ಎಲ್ಲ ಮೊಸರಿನ ಪುಡಿಯೂ ಮಳೆಗಾಲದಲ್ಲಿ ಹೀಗೆಯೇ” ಎಂದರು. ಎಲ್ಲ ಪುಡಿಯೂ ಹೀಗಲ್ಲ ಎಂದು ತೋರಿಸಿಕೊಳ್ಳುವ ಹಟ ಅಂದೇ ಹುಟ್ಟಿತು.

ಆ ಹಟದಲ್ಲಿ ನೇರ ಇನ್ನೊಂದು ತುದಿಗೆ ಹೋದೆ: ಫ್ರೀಜ್ ಡ್ರೈ ಮಾಡಿದ, ಕೆನೆ ಸಹಿತ ಹಾಲಿನ ಮೊಸರಿನ ಪುಡಿ. ಕೆಜಿಗೆ 2,400 ರೂಪಾಯಿ. ನಾನು ತರಿಸಿದ್ದು ಅರ್ಧ ಕೆಜಿ. ಇದರಲ್ಲಿ ಮೊಸರನ್ನು ಮೊದಲು ಮಂಜುಗಡ್ಡೆಯಾಗಿಸಿ, ಗಾಳಿ ತೆಗೆದ ಪಾತ್ರೆಯಲ್ಲಿ ಆ ಮಂಜುಗಡ್ಡೆಯನ್ನು ನೀರಾಗಲು ಬಿಡದೆ ನೇರ ಆವಿಯಾಗಿಸುತ್ತಾರೆ. ಬಿಸಿ ತಾಗುವುದು ಕಡಿಮೆ. ಸ್ಪ್ರೇ ಡ್ರೈ ವಿಧಾನದಲ್ಲಿ ಒಳಬರುವ ಗಾಳಿಯೇ 160ರಿಂದ 200 ಡಿಗ್ರಿ ಇರುತ್ತದೆ, ಹೊರಹೋಗುವಾಗಲೂ 80ರ ಆಸುಪಾಸು. ಸೂಕ್ಷ್ಮಾಣುಗಳಲ್ಲಿ ಬಹುಪಾಲು ಅಲ್ಲಿ ಸಾಯುತ್ತವೆ, ಮೊಸರಿನ ಕಂಪು ಕೊಡುವ ಅಂಶಗಳೂ ಆವಿಯ ಜೊತೆ ಹೊರಟುಹೋಗುತ್ತವೆ.

ಇದು ಮಾತಿಗೆ ಹೇಳುವುದೋ ನಿಜವೋ ನೋಡೋಣವೆಂದು ಒಂದು ರಾತ್ರಿ ಎರಡು ಲೋಟಗಳಲ್ಲಿ ಉಗುರುಬೆಚ್ಚಗಿನ ಹಾಲು ತೆಗೆದುಕೊಂಡು, ಒಂದಕ್ಕೆ ಸ್ಪ್ರೇ ಡ್ರೈ ಪುಡಿ, ಒಂದಕ್ಕೆ ಫ್ರೀಜ್ ಡ್ರೈ ಪುಡಿ ಒಂದೊಂದು ಚಮಚ ಹೆಪ್ಪು ಹಾಕಿ ಒಲೆಯ ಬದಿಗೆ ಇಟ್ಟೆ. ಬೆಳಗ್ಗೆ ಎರಡೂ ಹಾಲೇ. ಮಧ್ಯಾಹ್ನ ಊಟದ ಹೊತ್ತಿಗೆ ಫ್ರೀಜ್ ಡ್ರೈ ಹಾಕಿದ ಲೋಟ ಓರೆ ಮಾಡಿದರೂ ಜಾರದಷ್ಟು ಗಟ್ಟಿಯಾಗಿತ್ತು. ಚಮಚ ಇಳಿಸಿದ ಕಡೆ ಅಂಚು ನೇರವಾಗಿ ಕಡಿದುಕೊಂಡು, ತಿಳಿನೀರು ಮೆಲ್ಲಗೆ ಒಸರಿತು. ಇನ್ನೊಂದು ಲೋಟ ಸಂಜೆಯವರೆಗೂ ಹಾಲಾಗಿಯೇ ಇತ್ತು. ಒಣ ಪುಡಿಯೊಂದು ಮತ್ತೆ ಮೊಸರಾದದ್ದನ್ನು ನೋಡಿ ನಾನೂ ಅತ್ತಿಗೆಯೂ ಬಹಳ ಹೊತ್ತು ಆ ಲೋಟದ ಮುಂದೆ ನಿಂತಿದ್ದೆವು.

ಆದರೆ ಲೆಕ್ಕದ ಪುಸ್ತಕ ತೆರೆದರೆ ಮಾತು ಬೇರೆ. ಒಂದು ಕೆಜಿ ಹಿಟ್ಟಿಗೆ ನಾನು ಹಾಕುವುದು 100 ಗ್ರಾಂ ಪುಡಿ. ಫ್ರೀಜ್ ಡ್ರೈ ಆದರೆ 240 ರೂಪಾಯಿ ಪುಡಿಗೇ ಹೋಗುತ್ತದೆ. ಜೀವಂತ ಸೂಕ್ಷ್ಮಾಣುಗಳಿಗೆ ಇಷ್ಟು ಕೊಟ್ಟು, ಆಮೇಲೆ ಅದನ್ನು ಹಬೆಯಲ್ಲಿ ಹದಿನೈದು ನಿಮಿಷ ಬೇಯಿಸುವುದರಲ್ಲಿ ಏನೂ ಅರ್ಥವಿಲ್ಲ. ಕೆನೆ ಇರುವುದರಿಂದ ತೆರೆದಿಟ್ಟರೆ ಬೇಗ ಕಮಟು ವಾಸನೆಯೂ ಬರುತ್ತದೆ. ಮಜ್ಜಿಗೆ ಪುಡಿಗೆ ಮಾತ್ರ ಇದರಷ್ಟು ಚೆನ್ನಾದದ್ದನ್ನು ನಾನು ಕಂಡಿಲ್ಲ. ತಣ್ಣೀರಿಗೆ ಹಾಕಿ ಕಲಕಿದರೆ ಕಡೆದ ಮಜ್ಜಿಗೆಯದೇ ಪರಿಮಳ. ಮಾರುವ ಬೆಲೆ ನನ್ನ ಗಿರಾಕಿಗಳಿಗೆ ಎಟುಕದ್ದರಿಂದ ಅದು ನಮ್ಮ ಮನೆಯ ಪ್ರಯಾಣದ ಡಬ್ಬಿಯಲ್ಲಿ ಉಳಿದಿದೆ.

ಹಾಲಿನ ಪುಡಿಗೆ ಸಿಟ್ರಿಕ್ ಆಮ್ಲ ಬೆರೆಸಿಕೊಳ್ಳುವುದು ಅಗ್ಗದ ದಾರಿ, ಇಡ್ಲಿಯೂ ಉಬ್ಬುತ್ತದೆ. ಆದರೆ ಆ ಹುಳಿ ನಾಲಿಗೆಯ ತುದಿಗೆ ಚುರುಕ್ ಎಂದು ತಾಗಿ ಹೋಗುತ್ತದೆ, ಮೊಸರಿನ ಹುಳಿಯ ಹಾಗೆ ಗಂಟಲವರೆಗೆ ಇಳಿಯುವುದಿಲ್ಲ. ಅತ್ತಿಗೆ ಒಂದೇ ತುತ್ತಿಗೆ ಬೇಡ ಎಂದರು.

ಮನೆಯಲ್ಲೇ ಬಟ್ಟೆಯಲ್ಲಿ ಕಟ್ಟಿ ಬಸಿದು ಏಪ್ರಿಲ್ ಬಿಸಿಲಿಗೆ ಒಣಗಿಸಿಯೂ ನೋಡಿದೆ. ಮಜ್ಜಿಗೆ ಮೆಣಸಿಗೆ ಮೊಸರು ಕುಡಿಸಿ ಕುಡಿಸಿ ಒಣಗಿಸುವ ಕೈ ನಮ್ಮದು, ಅದೇ ಧೈರ್ಯ. ರುಚಿ ಚೆನ್ನಾಗಿತ್ತು. ಬಣ್ಣ ಹಳದಿ, ಧೂಳಿನ ಭಯ, ಎರಡು ಸಲದ ಹುಳಿ ಒಂದೇ ಸಮ ಬರಲಿಲ್ಲ. ಪರವಾನಗಿ ಸಂಖ್ಯೆ ಅಚ್ಚು ಹಾಕಿಸಿ ಮಾರುವ ಪದಾರ್ಥಕ್ಕೆ ಅದನ್ನು ಹಾಕಲು ನನಗೆ ಮನಸ್ಸಾಗಲಿಲ್ಲ.

ಈಗಿನ ಪುಡಿಗೆ ಬರುತ್ತೇನೆ. ಪ್ರೋಟೀನ್ 32 ಗ್ರಾಂ. ಪದಾರ್ಥಗಳ ಪಟ್ಟಿ ಒಂದೇ ಸಾಲು. ಬಣ್ಣ ಅಚ್ಚ ಬಿಳಿಯಲ್ಲ, ಕೆನೆಬಣ್ಣದ ಕಡೆಗೆ. ಪೊಟ್ಟಣ ಅಲ್ಯೂಮಿನಿಯಂ ಪದರದ್ದು. ಮೊಸರಿನ ಕಂಪು ಅರ್ಧಕ್ಕರ್ಧ ಹೋಗಿರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಸಾಸಿವೆ, ಕರಿಬೇವು, ಗೋಡಂಬಿಯ ಒಗ್ಗರಣೆ ಇರುವ ಹಿಟ್ಟಿನಲ್ಲಿ ಆ ಕೊರತೆ ಕಾಣುವುದಿಲ್ಲ. ಇದೂ ತೇವ ಕುಡಿಯುತ್ತದೆ, ಇದರಲ್ಲಿಯೂ ಲ್ಯಾಕ್ಟೋಸ್ ಇದೆ. ಆದರೆ ಪ್ರೋಟೀನ್ ಹೆಚ್ಚಿರುವಲ್ಲಿ ಆ ಸಕ್ಕರೆಯ ಪಾಲು ಕಡಿಮೆ, ಮತ್ತು ಒಂದು ಕೆಜಿ ಪೊಟ್ಟಣ ಒಡೆದರೆ ನಮ್ಮಲ್ಲಿ ಅಂದೇ ಮುಗಿಯುತ್ತದೆ. ಬಂಡೆಯಾಗಲು ಅದಕ್ಕೆ ಪುರುಸೊತ್ತೇ ಇಲ್ಲ. ಅಗ್ಗದ್ದಕ್ಕೆ ಹೋಲಿಸಿದರೆ ಕೆಜಿ ಹಿಟ್ಟಿಗೆ 22 ರೂಪಾಯಿ ಹೆಚ್ಚು, ಅರ್ಧ ಕೆಜಿ ಪೊಟ್ಟಣಕ್ಕೆ 11. ಆ 11 ರೂಪಾಯಿಯನ್ನು ಬೆಲೆಗೆ ಸೇರಿಸಿದೆ. ಒಬ್ಬ ಗಿರಾಕಿಯೂ ಬಿಟ್ಟುಹೋಗಲಿಲ್ಲ.

ತಿಂಗಳಿಗೆ ನೂರಾರು ಕೆಜಿ ಪುಡಿ ಬಳಸುವವರು, ತೇವ ಇಳಿಸುವ ಯಂತ್ರ ಇಟ್ಟುಕೊಂಡವರು, ಬಳ್ಳಾರಿ, ರಾಯಚೂರಿನಂಥ ಒಣ ಊರಿನವರು 25 ಕೆಜಿ ಚೀಲವನ್ನೇ ಕೊಳ್ಳಬಹುದು. ಅವರೂ ಪ್ರೋಟೀನ್ ಅಂಕಿ ನೋಡದೆ ದುಡ್ಡು ಕೊಡಬಾರದು. ನನ್ನ ಕೆಲಸದ ರೀತಿ ಈಗ ಹೀಗಿದೆ: ಹುರಿದ ರವೆ ಪೂರ್ತಿ ಆರಿದ ಮೇಲಷ್ಟೇ ಪುಡಿ ಬೆರೆಸುವುದು, ಏಕೆಂದರೆ ಬೆಚ್ಚಗಿನ ರವೆ ಪೊಟ್ಟಣದೊಳಗೆ ಬೆವರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡುಗೆ ಸೋಡಾವನ್ನು ಹಿಟ್ಟಿಗೆ ಬೆರೆಸದೆ ಬೇರೆಯೇ ಸಣ್ಣ ಪೊಟ್ಟಣದಲ್ಲಿ ಕೊಡುವುದು. ಪ್ರತಿ ಸಲದ ಹಿಟ್ಟಿನಲ್ಲಿ ಒಂದು ಪೊಟ್ಟಣವನ್ನು ಒಲೆಯ ಮೇಲಿನ ಅಟ್ಟದಲ್ಲಿಯೂ ಇನ್ನೊಂದನ್ನು ಬಚ್ಚಲುಮನೆಯ ಗೋಡೆಗೆ ತಾಗಿದ ಕಪಾಟಿನಲ್ಲಿಯೂ ತಿಂಗಳು ಇಟ್ಟು ನೋಡುವುದು. ಕಳೆದ ಮಳೆಗಾಲ ಕಪಾಟಿನಲ್ಲಿ ಇಟ್ಟ ನಾಲ್ಕೂ ಪೊಟ್ಟಣ ಚಪ್ಪಟೆಯಾಗಿಯೇ ಇದ್ದವು. ಕೊನೆಯದನ್ನು ಸೆಪ್ಟೆಂಬರಿನಲ್ಲಿ ಒಡೆದು ಇಡ್ಲಿ ಮಾಡಿ, ಆಲೂಗಡ್ಡೆ ಸಾಗುವಿನ ಜೊತೆ ತಿಂದೆವು.