ಫೇಟ್ ಅನಿಮೆಯನ್ನು ಫೇಟ್ ಝೀರೋದಿಂದ ಶುರು ಮಾಡಬೇಡಿ: ಪುಣೆಯ ಒಂದು ಮ್ಯಾರಥಾನ್‌ನಲ್ಲಿ ನಮಗಾದದ್ದು

ಪುಣೆ, ಮುಂಬೈ ಕಡೆ ಇರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೆ, ಅವರನ್ನು ಇಂಥ ಕಡೆ ಕಳಿಸುವ ಮನೆಯವರಿಗೆ ಇದನ್ನು ಬರೆಯುತ್ತಿದ್ದೇನೆ. ಫೇಟ್ ಅಂದರೆ ಒಂದಕ್ಕೊಂದು ಹೆಣೆದುಕೊಂಡ ಹಲವು ಅನಿಮೆಗಳ, ಅಂದರೆ ಜಪಾನಿನ ಅನಿಮೇಷನ್‌ಗಳ, ಸರಣಿ. ‘ಫೇಟ್ ಪೂರ್ತಿ ಸೀರೀಸ್, ಸರಿಯಾದ ಕ್ರಮದಲ್ಲಿ, ಎರಡೇ ದಿನದಲ್ಲಿ’ ಅಂತ ಯಾರಾದರೂ ದುಡ್ಡು ತಗೊಂಡು ತೋರಿಸುತ್ತೇವೆ ಅಂದರೆ ದಯವಿಟ್ಟು ಒಂದು ನಿಮಿಷ ತಡೆದು ವಿಚಾರಿಸಿ. ಹೋದ ದುಡ್ಡು ಮತ್ತೆ ಬರುತ್ತದೆ. ಈ ಕಥೆಯ ಗುಟ್ಟು ಒಮ್ಮೆ ಗೊತ್ತಾಯಿತು ಅಂದರೆ ಮುಗೀತು, ಮರೆತು ಹೊಸದಾಗಿ ನೋಡೋಕೆ ಆಗಲ್ಲ.

ನಾನು ಇಲ್ಲಿ ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಇನ್ನೂ ನೋಡದವರು ಧೈರ್ಯವಾಗಿ ಓದಬಹುದು.

ನನ್ನ ಅಕ್ಕನ ಮಗಳು ಧಾರವಾಡದವಳು. ಪುಣೆಯಲ್ಲಿ ಕಾಲೇಜು, ಕರ್ವೇನಗರದ ನಮ್ಮ ಮನೆಯಲ್ಲೇ ಇರುತ್ತಾಳೆ. 2025ರ ಸೆಪ್ಟೆಂಬರ್‌ನಲ್ಲಿ ಡೀಮನ್ ಸ್ಲೇಯರ್ ಅನ್ನುವ ಅನಿಮೆಯ ಇನ್ಫಿನಿಟಿ ಕ್ಯಾಸಲ್ ಸಿನಿಮಾ ಥಿಯೇಟರಿಗೆ ಬಂದಾಗ ಗೆಳತಿಯರ ಜೊತೆ ಹೋಗಿ ನೋಡಿದಳು, ಬಂದವಳು ಎರಡು ದಿನ ಬೇರೆ ಮಾತೇ ಆಡಲಿಲ್ಲ. ಅದನ್ನು ಮಾಡಿದ ಯೂಫೋಟೇಬಲ್ ಸ್ಟುಡಿಯೋ ಇನ್ನೇನು ಮಾಡಿದೆ ಅಂತ ಹುಡುಕುತ್ತಾ ಹೋದರೆ ಸಿಗುವುದೇ ಫೇಟ್. ನನಗೋ ಫೇಟ್ ಅಂದರೆ ಪ್ರಾಣ. ಇವಳೂ ನೋಡುತ್ತಾಳಲ್ಲ ಅಂತ ನನಗೆ ಅವಳಿಗಿಂತ ಜಾಸ್ತಿ ಖುಷಿ.

ಅಷ್ಟರಲ್ಲಿ ಕೋಥ್ರೂಡ್ ಕಡೆ ಒಂದು ಗುಂಪಿನವರು ಹಾಲ್ ಹಿಡಿದು ಫೇಟ್ ಮ್ಯಾರಥಾನ್ ಇಟ್ಟಿದ್ದಾರೆ ಅಂತ ಅವಳ ಗೆಳತಿ ಪೋಸ್ಟರ್ ಕಳಿಸಿದಳು. ತಲೆಗೆ 800 ರೂಪಾಯಿ, ಶನಿವಾರ ಭಾನುವಾರ, ಚಹಾ ವಡಾಪಾವ್ ಅದರಲ್ಲೇ. ನಾನು ಫೋನ್ ಮಾಡಿ ಒಂದೇ ಮಾತು ಕೇಳಿದೆ: ಮೊದಲು ಯಾವುದು ಹಾಕ್ತೀರಿ? ‘ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್’ ಅಂದರು. ಫೇಟ್‌ನಲ್ಲಿ ಮೊದಲು ನೋಡಬೇಕಾದ ಸೀರೀಸ್ ಅದೇ. ಸರಿ ಅಂತ ಮೂರೂ ಜನಕ್ಕೆ ದುಡ್ಡು ಕಳಿಸಿದೆ.

ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಪರದೆಯ ಮೇಲೆ ಫೇಟ್ ಝೀರೋ, ಅದಕ್ಕೂ ಹಿಂದೆ ನಡೆದ ಕಥೆಯ ಸೀರೀಸ್. ಇದೇನು ಅಂತ ಕೇಳಿದೆ. ‘ಆಧೀಚಿ ಗೋಷ್ಟ ಆಧೀ, ಸೋಪಂ ಆಹೇ’ ಅಂದ ಅಲ್ಲಿದ್ದ ಹುಡುಗ. ಮೊದಲು ನಡೆದದ್ದು ಮೊದಲು, ಸುಲಭ ಅಲ್ವಾ ಅಂತ. ಕೇಳೋಕೆ ನ್ಯಾಯವಾಗಿಯೇ ಇದೆ, ಅದಕ್ಕೇ ಎಲ್ಲರೂ ಈ ಮಾತನ್ನು ನಂಬುತ್ತಾರೆ.

ಯಾಕೆ ಇದು ತಪ್ಪು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೇಟ್ ಸ್ಟೇ ನೈಟ್ ಅನ್ನುವುದು 2004ರಲ್ಲಿ ಟೈಪ್ ಮೂನ್‌ನವರು ತಂದ ಆಟ. ಆಟ ಅಂದರೂ ಓದುವುದೇ ಜಾಸ್ತಿ, ಚಿತ್ರ ಸಂಗೀತ ಇರುವ ದೊಡ್ಡ ಕಾದಂಬರಿ ಇದ್ದ ಹಾಗೆ. ಕಿನೋಕೋ ನಾಸು ಬರೆದದ್ದು. ಒಂದೇ ಯುದ್ಧ, ಒಂದೇ ಶುರು, ಆಮೇಲೆ ಮೂರು ದಾರಿ: ಫೇಟ್, ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್, ಹೆವನ್ಸ್ ಫೀಲ್. ಆ ಆಟ ಬಂದ ಮೇಲೆ, 2006-07ರಲ್ಲಿ, ಗೆನ್ ಉರೊಬುಚಿ ಫೇಟ್ ಝೀರೋ ಕಾದಂಬರಿ ಬರೆದರು. ಅದು ಹತ್ತು ವರ್ಷ ಹಿಂದಿನ ಯುದ್ಧದ ಕಥೆ. ಓದುವವರಿಗೆ ಮುಂದೆ ಏನಾಗುತ್ತದೆ ಅಂತ ಗೊತ್ತಿದೆ ಅಂದುಕೊಂಡೇ ಬರೆದದ್ದು. ಹಾಗಾಗಿ ಅದಕ್ಕೆ ಯಾವುದನ್ನೂ ಮುಚ್ಚಿಡುವ ಅಗತ್ಯವಿಲ್ಲ, ಮುಚ್ಚಿಡುವುದೂ ಇಲ್ಲ.

ಈ ಯುದ್ಧದಲ್ಲಿ ಏಳು ಜನ ಮಂತ್ರವಾದಿಗಳು ಪುರಾಣ, ಇತಿಹಾಸದ ಏಳು ವೀರರನ್ನು ಕರೆಸುತ್ತಾರೆ. ಆ ವೀರರು ನಿಜ ಹೆಸರು ಹೇಳುವುದಿಲ್ಲ. ಸೇಬರ್, ಆರ್ಚರ್, ಲಾನ್ಸರ್ ಹೀಗೆ ಅವರವರ ವರ್ಗದ ಹೆಸರಿನಲ್ಲೇ ಓಡಾಡುತ್ತಾರೆ. ಹೆಸರು ಗೊತ್ತಾದರೆ ಕಥೆ ಗೊತ್ತಾಗುತ್ತದೆ, ಕಥೆ ಗೊತ್ತಾದರೆ ಎಲ್ಲಿ ಹೊಡೆದರೆ ಬೀಳುತ್ತಾನೆ ಅನ್ನುವುದೂ ಗೊತ್ತಾಗುತ್ತದೆ. ಅದಕ್ಕೇ ಹೆಸರನ್ನು ಜೀವ ಕಾಪಾಡಿಕೊಂಡ ಹಾಗೆ ಕಾಪಾಡಿಕೊಳ್ಳುತ್ತಾರೆ. ನೋಡುವ ನಾವೂ ಕತ್ತಿ ನೋಡಿ, ಮಾತು ಕೇಳಿ, ಇವನು ಯಾರಿರಬಹುದು ಅಂತ ತಲೆ ಕೆಡಿಸಿಕೊಳ್ಳುತ್ತಾ ಕೂರಬೇಕು. ಝೀರೋದಲ್ಲಿ ಸೇಬರ್ ಯಾರು ಅನ್ನುವುದು ಮೊದಲ ಎಪಿಸೋಡಿನಲ್ಲೇ ಹೊರಬೀಳುತ್ತದೆ.

ಆದರೆ ಅವತ್ತು ಅಷ್ಟು ಹೊತ್ತು ಕಾಯುವುದೂ ಬೇಕಾಗಲಿಲ್ಲ. ಲೈಟ್ ಆರಿಸುವ ಮೊದಲು ಎಲ್ಲರ ಕೈಗೂ ಒಂದು ಝೆರಾಕ್ಸ್ ಹಾಳೆ ಕೊಟ್ಟರು. ಹೊಸಬರಿಗೆ ಸಹಾಯ ಆಗಲಿ ಅಂತ. ಎಡಗಡೆ ಕಾಲಂನಲ್ಲಿ ಸೇಬರ್, ಆರ್ಚರ್, ರೈಡರ್ ಅಂತ ಸಾಲಾಗಿ ಬರೆದಿತ್ತು. ಬಲಗಡೆ ಕಾಲಂನಲ್ಲಿ, ದಪ್ಪ ಅಕ್ಷರದಲ್ಲಿ, ಅವರವರ ನಿಜ ಹೆಸರು. ಎರಡು ಯುದ್ಧದ್ದೂ. ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್‌ನ ಆರ್ಚರ್ ಮುಂದೆ ಪೆನ್ನಿನಲ್ಲಿ ಒಂದು ಬಾಣ ಎಳೆದು, ಎರಡು ಗೆರೆ ಬೇರೆ ಹಾಕಿದ್ದರು. ಆ ಒಂದು ಹೆಸರಿಗಾಗಿ ಆ ಸೀರೀಸ್‌ನ ಅರ್ಧಕ್ಕಿಂತ ಜಾಸ್ತಿ ಕಾಯಬೇಕು, ಕಾದವರಿಗೆ ಆ ಗಳಿಗೆಯಲ್ಲಿ ಎದೆ ಝಲ್ ಅನ್ನುತ್ತದೆ. ಹುಡುಗಿ ಹಾಳೆಯನ್ನು ಪಟ್ಟನೆ ಬೋರಲು ಹಾಕಿ ಬೆಂಚಿನ ಮೇಲೆ ಕೈ ಒತ್ತಿ ಇಟ್ಟುಕೊಂಡಳು. ‘ಮಾಮಾ, ಓದಿಬಿಟ್ನಿ’ ಅಂದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಇನ್ನು ಝೀರೋದ ಮೊದಲ ಎಪಿಸೋಡ್. ಅದು ಮಾಮೂಲಿಗಿಂತ ಡಬಲ್ ಉದ್ದ, ಮುಕ್ಕಾಲು ಗಂಟೆಗೂ ಮೇಲೆ. ಅದರಲ್ಲಿ ಕಿರೇ ಅನ್ನುವವನನ್ನು ಕೂರಿಸಿಕೊಂಡು ಇಬ್ಬರು ಅವನ ಸುತ್ತ ನಡೆಯುತ್ತಾ ಯುದ್ಧದ ನಿಯಮ ಹೇಳುವ ಒಂದು ದೃಶ್ಯ ಇದೆ. ಮಾತು, ಮಾತು, ಬರೀ ಮಾತು. ಈ ಕಿರೇಯನ್ನು ಹತ್ತು ವರ್ಷದ ನಂತರದ ಕಥೆಯಲ್ಲಿ, ಅಲ್ಲಿನ ಚರ್ಚಿನಲ್ಲಿ, ಮೊದಲೇ ನೋಡಿದವರು ಈ ದೃಶ್ಯದಲ್ಲಿ ಅವನ ಮುಖವನ್ನೇ ದಿಟ್ಟಿಸುತ್ತಾರೆ, ಇವನು ಹೀಗಿದ್ದನಾ ಅಂತ ಮೈ ಜುಮ್ ಅನ್ನುತ್ತದೆ. ನೋಡದವರಿಗೆ ಯಾರೋ ಮೂವರು ಹರಟೆ ಹೊಡೆದ ಹಾಗೆ. ಹಾಲ್‌ನಲ್ಲಿ ಅರ್ಧ ಜನ ಮೊಬೈಲ್ ತೆಗೆದರು. ಅವರನ್ನೇನೂ ಬೈಯುವ ಹಾಗಿಲ್ಲ.

ಎರಡನೇ ಎಪಿಸೋಡಿಗೆ ಇನ್ನೊಂದು ಅನಾಹುತ. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಅಮ್ಮ, ಆರು ಏಳನೇ ಕ್ಲಾಸಿನ ಇಬ್ಬರು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಕಾರ್ಟೂನ್ ಅಂದುಕೊಂಡಿದ್ದರೋ ಏನೋ, ಪೋಸ್ಟರಿನಲ್ಲಿ ವಯಸ್ಸಿನ ಮಾತೇ ಇರಲಿಲ್ಲ. ಆ ಎಪಿಸೋಡಿನಲ್ಲಿ ಒಬ್ಬ ಕೊಲೆಗಾರ ಒಂದು ಮನೆಗೆ ನುಗ್ಗಿ ಮಾಡುವ ಕೆಲಸ ದೊಡ್ಡವರಿಗೇ ನೋಡೋಕೆ ಕಷ್ಟ, ಅದರಲ್ಲಿ ಚಿಕ್ಕ ಹುಡುಗನೂ ಇದ್ದಾನೆ. ಆ ತಾಯಿ ಮಕ್ಕಳ ಕಣ್ಣು ಮುಚ್ಚಿಕೊಂಡೇ ಹೊರಗೆ ಹೋದರು. ಹೆವನ್ಸ್ ಫೀಲ್ ಸಿನಿಮಾಗಳು ಇದಕ್ಕಿಂತ ಭಾರ, ಅದರಲ್ಲಿ ಒಂದು ಹುಡುಗಿಯ ಮೇಲೆ ಮನೆಯವರೇ ನಡೆಸುವ ದೌರ್ಜನ್ಯ ಇದೆ. ಚಿಕ್ಕ ಮಕ್ಕಳಿಗೆ ಫೇಟ್ ಬೇಡವೇ ಬೇಡ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಝೀರೋ 25 ಎಪಿಸೋಡು. ಯೂಫೋಟೇಬಲ್‌ನ ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್ 2014-15ರದ್ದು, ಸೊನ್ನೆ ನಂಬರಿನದ್ದೂ ಸೇರಿ 26. ಹೆವನ್ಸ್ ಫೀಲ್ ಮೂರು ಸಿನಿಮಾ, 2017, 2019, 2020ರಲ್ಲಿ ಬಂದವು, ಒಂದೊಂದೂ ಹೆಚ್ಚುಕಡಿಮೆ ಎರಡು ಗಂಟೆ. ಎಲ್ಲ ಸೇರಿದರೆ 26 ಗಂಟೆ ದಾಟುತ್ತದೆ. ಎರಡು ದಿನ ಹಗಲಿನಲ್ಲಿ ಇದು ಹೇಗೆ ಹಿಡಿಯುತ್ತದೆ? ಹಿಡಿಯಲ್ಲ. ಅದಕ್ಕೆ ಅವರು ಕತ್ತರಿ ಹಾಕಿದ್ದು ಎಲ್ಲಿ ಗೊತ್ತಾ? ಝೀರೋದ 18, 19ನೇ ಎಪಿಸೋಡಿಗೆ. ಝೀರೋದ ಮುಖ್ಯ ಪಾತ್ರ ಕಿರಿತ್ಸುಗು ಚಿಕ್ಕವನಿದ್ದಾಗಿನ ಕಥೆ ಅದು, ‘ಫಿಲ್ಲರ್’, ಅಂದರೆ ಜಾಗ ತುಂಬಿಸೋಕೆ ಹಾಕಿದ ಎಪಿಸೋಡು, ಅಂತ ಹೇಳಿ ದಾಟಿಸಿಬಿಟ್ಟರು. ಅಯ್ಯೋ, ಆ ಮನುಷ್ಯ ಯಾಕೆ ಹಾಗೆ ಕಲ್ಲಾದ, ಯಾವ ನೋವಿನಿಂದ ಆ ತೀರ್ಮಾನಗಳಿಗೆ ಬಂದ ಅನ್ನುವುದೆಲ್ಲ ಆ ಎರಡೇ ಎಪಿಸೋಡಿನಲ್ಲಿದೆ. ಅದಿಲ್ಲದೆ ಕೊನೆಯ ಎಪಿಸೋಡು ನೋಡಿದರೆ ಅವನ ಅಳು ಯಾತಕ್ಕೆ ಅಂತಲೇ ಪೂರ್ತಿ ತಿಳಿಯುವುದಿಲ್ಲ. ನರುಟೋದಂಥ ಉದ್ದನೆಯ ಅನಿಮೆಯಲ್ಲಿ ಫಿಲ್ಲರ್ ದಾಟಿಸಿ ರೂಢಿಯಾದವರು ಎಲ್ಲ ಕಡೆ ಅದೇ ಮಾಡುತ್ತಾರೆ. ಫೇಟ್ ಝೀರೋದಲ್ಲಿ ಫಿಲ್ಲರ್ ಅಂತ ಒಂದೂ ಇಲ್ಲ.

ಭಾನುವಾರ ನಾವು ಹೋಗಲಿಲ್ಲ. ದುಡ್ಡು ವಾಪಸ್ ಕೇಳಿದೆ, ‘ಒಳಗೆ ಬಂದ ಮೇಲೆ ರೀಫಂಡ್ ಇಲ್ಲ’ ಅಂದರು. ಫೋನಿನಲ್ಲಿ ಬೇರೆ ಹೇಳಿದ್ದಿರಲ್ಲ ಅಂದರೆ, ಅದು ಬೇರೆಯವರು ಎತ್ತಿರಬೇಕು ಅಂದರು. ತೋರಿಸಿದ್ದೂ ಡೌನ್‌ಲೋಡ್ ಮಾಡಿದ ಫೈಲುಗಳೇ, ಸಬ್‌ಟೈಟಲ್ ಕೆಲವು ಕಡೆ ಮಾತಿಗಿಂತ ಹಿಂದೆ ಬೀಳುತ್ತಿತ್ತು. ಹಾಗೆ ದುಡ್ಡು ತಗೊಂಡು ತೋರಿಸುವ ಹಕ್ಕೇ ಅವರಿಗೆ ಇದ್ದ ಹಾಗೆ ಕಾಣಲಿಲ್ಲ.

ನನ್ನ ಗೆಳೆಯನೊಬ್ಬ, ಅವನೂ ನಮ್ಮ ಕಡೆಯವನೇ, ಇದನ್ನು ಕೇಳಿ ‘ಅದರಾಗ ಏನದ, ಊರಾಗ ದೊಡ್ಡಾಟ ನೋಡೂ ಮುಂದ ಕಥಿ ಗೊತ್ತಿರತದಲ್ಲ, ಬೆಳತನಕ ಕುಂತು ನೋಡೂದಿಲ್ಲೇನು?’ ಅಂದ. ಒಳ್ಳೆ ಪ್ರಶ್ನೆ. ದೊಡ್ಡಾಟ ಆಡುವವರಿಗೆ ಎದುರಿಗಿರುವವರಿಗೆ ಕಥೆ ಗೊತ್ತು ಅಂತ ಗೊತ್ತಿರುತ್ತದೆ, ಅದಕ್ಕೆ ತಕ್ಕ ಹಾಗೆ ಆಡುತ್ತಾರೆ. ಝೀರೋ ಅಂಥದ್ದು, ಗೊತ್ತಿದ್ದವರಿಗಾಗಿ ಮಾಡಿದ್ದು. ಸ್ಟೇ ನೈಟ್ ಗೊತ್ತಿಲ್ಲದವರಿಗಾಗಿ ಮಾಡಿದ್ದು. ಅದಕ್ಕೇ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಾರದು ಅಂತ ನಾನು ಇಷ್ಟು ಗಂಟಲು ಹರಿದುಕೊಳ್ಳುತ್ತಿರುವುದು.

ಹಾಗಾದರೆ ಹೇಗೆ ನೋಡಬೇಕು? ಓದುವ ತಾಳ್ಮೆ ಇದ್ದರೆ ಮೂಲ ಆಟವೇ ಎಲ್ಲಕ್ಕಿಂತ ಒಳ್ಳೆಯದು, 2024ರ ಆಗಸ್ಟ್‌ನಲ್ಲಿ ಕಂಪ್ಯೂಟರ್ ಆಟ ಮಾರುವ ಸ್ಟೀಮ್‌ನಲ್ಲೂ ನಿಂಟೆಂಡೋದ ಸ್ವಿಚ್‌ನಲ್ಲೂ ಅಧಿಕೃತವಾಗಿ ಇಂಗ್ಲಿಷಿನಲ್ಲಿ ಬಂದಿದೆ. ನೋಡುವುದೇ ಆದರೆ ಮೊದಲು ಯೂಫೋಟೇಬಲ್‌ನ ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್. ಅದರ ಸೊನ್ನೆ ನಂಬರಿನ ಎಪಿಸೋಡನ್ನು ಬಿಡಬೇಡಿ, ತುಂಬಾ ಜನ ಅದನ್ನು ಟ್ರೇಲರ್ ಅಂದುಕೊಂಡು ದಾಟುತ್ತಾರೆ. ಸೊನ್ನೆಯಲ್ಲಿ ರಿನ್ ಅನ್ನುವ ಹುಡುಗಿಯ ಕಣ್ಣಿನಿಂದ ನೋಡಿದ ದಿನಗಳನ್ನೇ ಒಂದನೇ ಎಪಿಸೋಡಿನಲ್ಲಿ ನಾಯಕ ಶಿರೋ ಕಣ್ಣಿನಿಂದ ನೋಡುತ್ತೀರಿ, ಎರಡೂ ಬೇಕು. ಆಮೇಲೆ ಹೆವನ್ಸ್ ಫೀಲ್ ಮೂರೂ ಸಿನಿಮಾ. ಇದನ್ನು ಮೊದಲು ನೋಡಿದರೆ ತಲೆಬುಡ ತಿಳಿಯಲ್ಲ, ಯಾಕೆಂದರೆ ಯುದ್ಧ ಶುರುವಾಗುವ ಭಾಗವನ್ನು ಮೊದಲ ಸಿನಿಮಾದಲ್ಲಿ ಟೈಟಲ್ ಹಾಡಿನ ಜೊತೆಗೇ ಸರಸರ ಓಡಿಸಿಬಿಡುತ್ತಾರೆ. ಇವೆಲ್ಲ ಆದ ಮೇಲೆ ಝೀರೋ. ಆಗ ನೋಡಿ ಆ ಮುಕ್ಕಾಲು ಗಂಟೆಯ ಎಪಿಸೋಡು ಹೇಗೆ ಹಿಡಿದು ಕೂರಿಸುತ್ತದೆ ಅಂತ.

2006ರ ಸ್ಟುಡಿಯೋ ಡೀನ್‌ನ 24 ಎಪಿಸೋಡಿನ ಸೀರೀಸ್ ಬಗ್ಗೆ ಜಗಳ ಇದ್ದದ್ದೇ. ಆಟದ ಮೊದಲ ದಾರಿಯ, ಅಂದರೆ ‘ಫೇಟ್’ ದಾರಿಯ, ಕಥೆ ಅನಿಮೆಯಾಗಿರುವುದು ಅದರಲ್ಲೇ. ಆದರೆ ಉಳಿದ ದಾರಿಗಳ ಚೂರುಪಾರನ್ನೂ ಅದಕ್ಕೆ ಬೆರೆಸಿದ್ದಾರೆ, ಹಾಗಾಗಿ ಸೇಬರ್ ಮೇಲೆ ಪ್ರೀತಿ ಹುಟ್ಟಿದ ಮೇಲೆ ನೋಡಿ ಅನ್ನುವುದು ನನ್ನ ಮಾತು. 2010ರಲ್ಲಿ ಅದೇ ಡೀನ್‌ನವರು ಅನ್‌ಲಿಮಿಟೆಡ್ ಬ್ಲೇಡ್ ವರ್ಕ್ಸ್ ಹೆಸರಿನಲ್ಲೇ ಒಂದು ಸಿನಿಮಾ ಮಾಡಿದ್ದಾರೆ, ಇಡೀ ಕಥೆಯನ್ನು ಎರಡು ಗಂಟೆಯೊಳಗೆ ತುರುಕಿದ್ದು. ಹೆಸರು ಒಂದೇ ಅಂತ ಅದನ್ನು ಹಾಕಿಕೊಂಡು ಕೂರಬೇಡಿ. ಪ್ರಿಸ್ಮಾ ಇಲ್ಯಾ, ಕಾರ್ನಿವಲ್ ಫ್ಯಾಂಟಸಮ್ ಇವೆಲ್ಲ ಪಕ್ಕದ ಕಥೆಗಳು, ಸಾಲಿನಲ್ಲಿ ಬರುವುದೇ ಇಲ್ಲ.

ಬೇರೆ ಸೀರೀಸ್‌ಗಳಲ್ಲೂ ಇಂಥ ಪಟ್ಟಿ ಕೊಡುವವರು ಸಿಗುತ್ತಾರೆ. ಡೀಮನ್ ಸ್ಲೇಯರ್‌ನ ಮುಗೆನ್ ಟ್ರೇನ್ 2020ರಲ್ಲಿ ಸಿನಿಮಾ ಆಗಿ ಬಂದು, 2021ರಲ್ಲಿ ಅದೇ ಕಥೆ ಟಿವಿಗೆ ಏಳು ಎಪಿಸೋಡಾಯಿತು. ಪಟ್ಟಿಯಲ್ಲಿ ಎರಡನ್ನೂ ಹಾಕಿ ಗಂಟೆ ಜಾಸ್ತಿ ತೋರಿಸುತ್ತಾರೆ. ಹರುಹಿ ಸುಝುಮಿಯಾ ಅನ್ನುವ ಅನಿಮೆ 2006ರಲ್ಲಿ ಟಿವಿಗೆ ಬಂದಾಗ ಎಪಿಸೋಡುಗಳನ್ನು ಬೇಕೆಂದೇ ಹಿಂದುಮುಂದು ಮಾಡಿ ಹಾಕಿದ್ದರು, ಅದನ್ನು ನೆಟ್ಟಗೆ ಮಾಡಿಕೊಡುತ್ತೇವೆ ಅನ್ನುವವರ ಮಾತಿಗೆ ಮೊದಲ ಸಲ ನೋಡುವಾಗ ಕಿವಿಗೊಡಬೇಡಿ.

ಅದೇ ಗುಂಪಿನವರು ಈಗ ಪಿಂಪ್ರಿ ಕಡೆ ಇನ್ನೊಂದು ಮ್ಯಾರಥಾನ್ ಇಡುತ್ತಾರೆ ಅಂತ ಕೇಳಿದೆ. ಹೋಗಲೇಬೇಕು ಅನ್ನುವವರು ದುಡ್ಡು ಕಳಿಸುವ ಮೊದಲು ಮೂರು ವಿಷಯ ಮೆಸೇಜಿನಲ್ಲೇ ಬರೆಸಿಕೊಳ್ಳಿ, ಫೋನಿನ ಮಾತು ಬೇಡ: ಮೊದಲ ಎಪಿಸೋಡು ಯಾವುದು, ಯಾವ ಎಪಿಸೋಡು ಬಿಡುತ್ತೀರಿ, ಕ್ರಮ ಬದಲಾದರೆ ದುಡ್ಡು ವಾಪಸ್ಸಾ. ಬಾಗಿಲಲ್ಲಿ ಹಾಳೆ ಕೊಟ್ಟರೆ ಬಿಚ್ಚಿ ನೋಡದೆ ಮಡಚಿ ಜೇಬಿಗೆ ಹಾಕಿಕೊಳ್ಳಿ.