ಫಿಲಿಡೋರ್ ಡಿಫೆನ್ಸ್: ಗಟ್ಟಿ ಹೌದು, ಇಕ್ಕಟ್ಟೂ ಹೌದು, ಆಡಬಹುದಾ?

ಚೆಸ್‌ನಲ್ಲಿ ಕರಿ ಕಾಯಿಯವರ ಈ ಓಪನಿಂಗನ್ನು, ಅಂದರೆ ಆರಂಭದ ನಡೆಗಳ ಕ್ರಮವನ್ನು, ಆಡಬಹುದು, ಆದರೆ ಎರಡು ಷರತ್ತು. ಮೊದಲ ಆರು ನಡೆಗಳ ಕ್ರಮ ತಪ್ಪಬಾರದು. ಜಾಗ ಸಾಲದಾದಾಗ ಕಾಯಿ ಬದಲಾಯಿಸಿಕೊಳ್ಳಲು ಹಿಂದೆಮುಂದೆ ನೋಡಬಾರದು. ಈ ಎರಡೂ ಕೈಗೆ ಹತ್ತದವರು ಇದನ್ನು ಆಡಿದರೆ ಇಪ್ಪತ್ತೈದನೇ ನಡೆಯ ಹೊತ್ತಿಗೆ ಎಲ್ಲ ಕಾಯಿಗಳೂ ಬೋರ್ಡಿನ ಮೇಲಿರುತ್ತವೆ, ಒಂದಕ್ಕೂ ಅಲ್ಲಾಡಲು ಮನೆ ಇರುವುದಿಲ್ಲ.

1. ಇ4 ಇ5 2. ಕುದುರೆ ಎಫ್3 ಡಿ6. ಇಷ್ಟೇ ಫಿಲಿಡೋರ್. (ಅಕ್ಷರ, ಅಂಕಿ ಸೇರಿದರೆ ಬೋರ್ಡಿನ ಮನೆ; ಕಾಯಿಯ ಹೆಸರಿಲ್ಲದಿದ್ದರೆ ಅದು ಪಾನ್, ಅಂದರೆ ಕಾಲಾಳಿನ ನಡೆ; ಅಂಕಿಯ ಮುಂದೆ ಮೂರು ಚುಕ್ಕಿ ಇದ್ದರೆ ಕರಿಯ ನಡೆ.) ಹೆಸರು ಬಂದದ್ದು 18ನೇ ಶತಮಾನದ ಫ್ರೆಂಚ್ ಸಂಗೀತಗಾರ, ಚೆಸ್ ಆಟಗಾರ ಫ್ರಾಂಸ್ವಾ ಆಂದ್ರೆ ಫಿಲಿಡೋರ್‌ನಿಂದ. ಪಾನ್‌ಗಳೇ ಆಟದ ಜೀವ ಎಂದು 1749ರಲ್ಲೇ ಬರೆದವನು. ಅವನಿಗೆ ಇಷ್ಟವಿದ್ದದ್ದು ಎಫ್5 ತಳ್ಳುವ ಬಿರುಸಿನ ಆಟ. ಇವತ್ತು ಗಟ್ಟಿ ಎನ್ನಿಸಿಕೊಂಡಿರುವುದು ಹ್ಯಾನ್‌ಹ್ಯಾಮ್ ಕ್ರಮ. ಅದರಲ್ಲಿ ಕರಿಯ ಪಾನ್‌ಗಳು ಇ5, ಡಿ6, ಸಿ6ರಲ್ಲಿ, ಕುದುರೆಗಳು ಡಿ7, ಎಫ್6ರಲ್ಲಿ, ಬಿಷಪ್ ಇ7ರಲ್ಲಿ, ರಾಜ ಕ್ಯಾಸ್ಲಿಂಗ್ ಮುಗಿಸಿ ಒಳಗೆ. ಕಂಪ್ಯೂಟರನ್ನು ಕೇಳಿದರೆ ಬಿಳಿಗೆ ಹೆಚ್ಚುಕಮ್ಮಿ ಅರ್ಧ ಪಾನಿನ ಅನುಕೂಲ ಎನ್ನುತ್ತದೆ. ಕ್ಲಬ್ ಮಟ್ಟದಲ್ಲಿ ಆ ಅರ್ಧ ಪಾನಿನಿಂದ ಯಾರೂ ಸೋಲುವುದಿಲ್ಲ.

ಕೊಡಗಿನವರಿಗೆ ಇದು ಹೊಂದುವುದಕ್ಕೆ ಕಾರಣವಿದೆ. ರೇಟಿಂಗ್ ಟೂರ್ನಿ ಬೇಕೆಂದರೆ ಸಾಮಾನ್ಯವಾಗಿ ಮೈಸೂರಿಗೋ ಮಂಗಳೂರಿಗೋ ಬಸ್ ಹತ್ತಬೇಕು. ಮಡಿಕೇರಿಯಿಂದ ಮೈಸೂರೇ ಸುಮಾರು 120 ಕಿಲೋಮೀಟರ್. ಅಲ್ಲಿ ಎದುರು ಕೂರುವ ಹುಡುಗರಿಗೆ ಇಟಾಲಿಯನ್, ರಾಯ್ ಲೋಪೆಜ್ ಓಪನಿಂಗ್‌ಗಳು ಹನ್ನೆರಡು ನಡೆಯವರೆಗೆ ಬಾಯಿಪಾಠ. ಎರಡನೇ ನಡೆಗೇ ಡಿ6 ಇಟ್ಟರೆ ಆ ಪಾಠ ಅಲ್ಲಿಗೇ ನಿಂತಿತು. ಸಿಸಿಲಿಯನ್ ನಾಯ್ಡಾರ್ಫಿನಂತೆ ತಿಂಗಳುಗಟ್ಟಲೆ ಕೂತು ಕಲಿಯುವ ಹಂಗೂ ಇಲ್ಲ. ಕಕ್ಕಡ ತಿಂಗಳ ಮಳೆಗೆ ಕರೆಂಟ್ ಹೋಗಿ, ಫೋನ್ ಸತ್ತು, ಬೋರ್ಡ್ ಮಾತ್ರ ಉಳಿದ ದಿನಗಳಲ್ಲೇ ಮುಖ್ಯ ದಾರಿಗಳನ್ನು ಕೈಗೆ ಹತ್ತಿಸಿಕೊಳ್ಳಬಹುದು.

ಈಗ ನಡೆಗಳ ಕ್ರಮ. ಈ ಓಪನಿಂಗಿನಲ್ಲಿ ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ.

3. ಡಿ4 ಆದಮೇಲೆ ಬಿಷಪ್ಪನ್ನು ಜಿ4ಗೆ ತರುವುದು ಹಳೇ ಚಟ. 1858ರಲ್ಲಿ ಪ್ಯಾರಿಸ್ಸಿನ ಒಪೆರಾದಲ್ಲಿ ಅಮೆರಿಕದ ಆಟಗಾರ ಪಾಲ್ ಮಾರ್ಫಿ 17 ನಡೆಗಳಲ್ಲಿ ಮೇಟ್ ಮಾಡಿದ ಆಟ ಇದೇ. ಬಿಳಿ ಇ5 ಹೊಡೆದರೆ ಕರಿ ಎಫ್3ರ ಕುದುರೆಗೆ ಬಿಷಪ್ ಕೊಡಲೇಬೇಕು, ಇಲ್ಲವಾದರೆ ಪಾನ್ ಹೋಗುತ್ತದೆ. ಕೊಟ್ಟಮೇಲೆ ಬಿಳಿಗೆ ಎರಡು ಬಿಷಪ್, ಜೊತೆಗೆ ಎಫ್7, ಬಿ7 ಎರಡರ ಮೇಲೂ ಕಣ್ಣು.

ನೇರವಾಗಿ 3...ಕುದುರೆ ಡಿ7 ಆಡುವವರು 4. ಬಿಷಪ್ ಸಿ4ಗೆ ಒಂದೇ ಉತ್ತರ ನೆನಪಿಟ್ಟುಕೊಳ್ಳಿ: ಸಿ6. ಸಹಜವಾಗಿ ಕಾಣುವ 4...ಬಿಷಪ್ ಇ7 ತಪ್ಪು. ಬಿಳಿ ಇ5 ಹೊಡೆದಾಗ ಪಾನಿನಿಂದ ಹೊಡೆದರೆ ರಾಣಿ ಡಿ5ಗೆ ಬಂದು ಎಫ್7ರಲ್ಲಿ ಮೇಟ್ ಬೆದರಿಕೆ. ಕಾಪಾಡಲು ಒಂದು ಕಾಯಿಯನ್ನೇ ಕೊಡಬೇಕು. ಕುದುರೆಯಿಂದ ಹೊಡೆದರೆ ಕುದುರೆಗಳು ಬದಲಾಗಿ, ರಾಣಿ ಎಚ್5ರಿಂದ ಇ5ರ ಪಾನ್ ಎತ್ತುತ್ತದೆ. 4...ಕುದುರೆ ಜಿಯಿಂದ ಎಫ್6 ಕೂಡ ಪಾನ್ ಕಳೆಯುತ್ತದೆ: ಇ5ರಲ್ಲಿ ಎಲ್ಲ ಹೊಡೆದಾಟ ಮುಗಿದಮೇಲೆ ಬಿಳಿ ಬಿಷಪ್ ಎಫ್7 ಹೊಡೆದು ಚೆಕ್ ಕೊಡುತ್ತದೆ, ರಾಜ ಅದನ್ನು ಹೊಡೆದರೆ ಡಿ8ರ ರಾಣಿ ಒಂಟಿ. ಕರಿಗೆ ಬಿ4ರಲ್ಲಿ ಬಿಷಪ್ ಚೆಕ್ ಇರುವುದರಿಂದ ರಾಣಿಗೆ ರಾಣಿ ಸಿಗುತ್ತದೆ, ಪಾನ್ ಮಾತ್ರ ವಾಪಸ್ ಬರುವುದಿಲ್ಲ. ಸರಿಯಾಗಿ ಸಿ6 ಆಡಿದರೂ ನೆಮ್ಮದಿಯಿಲ್ಲ. 5. ಕ್ಯಾಸ್ಲಿಂಗ್ ಬಿಷಪ್ ಇ7 6. ಇ5ರಲ್ಲಿ ಪಾನ್ ಬದಲಾವಣೆ, 7. ಕುದುರೆ ಜಿ5! ಆ ಕುದುರೆಯನ್ನು ಬಿಷಪ್ ಹೊಡೆದರೆ ರಾಣಿ ಎಚ್5: ಎಫ್7ಕ್ಕೂ ಜಿ5ಕ್ಕೂ ಒಟ್ಟಿಗೆ ಗುರಿ. ಕರಿ ಬದುಕುತ್ತದೆ, ಬಿಳಿಗೆ ಎರಡು ಬಿಷಪ್ ಪುಕ್ಕಟೆ.

ಹಾಗಾಗಿ ಈ ಕ್ರಮವನ್ನು ಬಿಟ್ಟುಬಿಡಿ ಎನ್ನುವುದೇ ಸಲಹೆ.

3...ಕುದುರೆ ಎಫ್6 ಇದಕ್ಕಿಂತ ವಾಸಿ. 4. ಕುದುರೆ ಸಿ3 ಕುದುರೆ ಬಿಯಿಂದ ಡಿ7 ಆದರೆ ಬೇಕಾದ ಹ್ಯಾನ್‌ಹ್ಯಾಮ್ ಕೋಟೆ ಸಿಕ್ಕಂತೆ. 4. ಡಿಯಿಂದ ಇ5 ಹೊಡೆದರೆ ಮಾತ್ರ ಪಾನಿನಿಂದ ವಾಪಸ್ ಹೊಡೆಯಬೇಡಿ; ರಾಣಿಗಳು ಬದಲಾಗಿ ಬಿಳಿ ಕುದುರೆ ಇ5 ತಿನ್ನುತ್ತದೆ. ಇ4ರ ಪಾನನ್ನು ಕುದುರೆಯಿಂದ ಹೊಡೆಯಿರಿ. ರಾಣಿ ಡಿ5ಗೆ ಬಂದರೆ ಕುದುರೆ ಸಿ5ಗೆ. ಬಿಳಿಗೆ ಸ್ವಲ್ಪ ಸಲೀಸು, ಅಷ್ಟೇ.

ಈಚಿನವರು ಬಳಸುವ ಸುತ್ತುದಾರಿ ಬೇರೆ: 1. ಇ4 ಡಿ6 2. ಡಿ4 ಕುದುರೆ ಎಫ್6 3. ಕುದುರೆ ಸಿ3 ಇ5. ಬಿಳಿ 4. ಕುದುರೆ ಎಫ್3 ಆಡಿದರೆ ಕುದುರೆ ಬಿಯಿಂದ ಡಿ7, ಅದೇ ಕೋಟೆ, ಅಪಾಯ ಕಡಿಮೆ. ಇಲ್ಲಿಯ ಬೆಲೆ ಏನೆಂದರೆ ಬಿಳಿ 4ನೇ ನಡೆಗೆ ಇ5ರಲ್ಲಿ ಪಾನ್ ಬದಲಾಯಿಸಿ, ಡಿ8ರಲ್ಲಿ ರಾಣಿ ಬದಲಾಯಿಸಿ, ನಿಮ್ಮ ಕ್ಯಾಸ್ಲಿಂಗ್ ಕೆಡಿಸಬಹುದು. ಹೆದರುವಂಥದ್ದೇನಿಲ್ಲ: ರಾಣಿಗಳಿಲ್ಲದಾಗ ರಾಜ ಸಿ7ರಲ್ಲಿ ಆರಾಮ. ಬಿಷಪ್ ಸಿ4 ಬಂದರೆ ಬಿಷಪ್ ಇ6. ಬದಲಾಯಿಸಿಕೊಂಡರೆ ಇ ಸಾಲಿನಲ್ಲಿ ಜೋಡಿ ಪಾನ್ ನೋಡಲು ಚೆಂದವಿಲ್ಲ, ಆದರೆ ಡಿ5, ಎಫ್5 ಮನೆಗಳಿಗೆ ಬಿಳಿ ಕುದುರೆ ಕಾಲಿಡಲಾಗುವುದಿಲ್ಲ. ಗೆಲ್ಲಲೇಬೇಕಾದ ಕೊನೆಯ ಸುತ್ತಿನಲ್ಲಿ ಮಾತ್ರ ಈ ನೀರಸ ಅಂತ್ಯದಾಟ ತಲೆನೋವು.

ಕೋಟೆ ಕಟ್ಟುವಾಗ ಒಂದು ಬಾಂಬ್ ಕಾದಿರುತ್ತದೆ. 5. ಬಿಷಪ್ ಸಿ4 ಬಿಷಪ್ ಇ7 6. ಬಿಷಪ್ ಎಫ್7 ಹೊಡೆದು ಚೆಕ್, ರಾಜ ಹೊಡೆದಮೇಲೆ ಕುದುರೆ ಜಿ5 ಚೆಕ್. ರಾಜ ಜಿ8ಗೇ ಹೋಗಬೇಕು. ಇ8ಗೆ ಹೋದರೆ ಕುದುರೆ ಇ6ಗೆ ಬಂದು ರಾಣಿಗೆ ಓಡಲು ಮನೆಯೇ ಇಲ್ಲ. ಎಫ್8ಗೆ ಹೋದರೆ ಅದೇ ಕುದುರೆ ಚೆಕ್ ಜೊತೆಗೆ ರಾಣಿ ಎತ್ತುತ್ತದೆ. ಜಿ8ಗೆ ಹೋದರೆ ಇ6ರ ಕುದುರೆಗೆ ಉತ್ತರ ರಾಣಿ ಇ8. ಕುದುರೆ ಸಿ7, ಎ8 ಎಂದು ಆನೆ ತಿನ್ನುತ್ತಾ ಕೂರಲಿ. ರಾಣಿ ಜಿ6, ಜಿ2 ಎಂದು ಬಿಳಿ ರಾಜನ ಮನೆಗೇ ನುಗ್ಗುತ್ತದೆ. ಹೊಡೆತ ತಿಂದಂತೆ ಕಂಡರೂ ಆಡಲು ಖುಷಿಯಾಗುವುದು ಕರಿಗೇ.

ಇನ್ನು ಇಕ್ಕಟ್ಟಿನ ವಿಚಾರ. ಹಾಕಿ ನೋಡಿ ಬೆಳೆದವರಿಗೆ ಹೇಳುವುದು ಸುಲಭ: ಸರ್ಕಲ್ ಒಳಗೆ ನಮ್ಮವರೇ ಗುಂಪುಗಟ್ಟಿ ನಿಂತರೆ ಚೆಂಡು ನಮ್ಮವರ ಕಾಲಿಗೇ ಬಡಿದು ಪೆನಾಲ್ಟಿ ಕಾರ್ನರ್. ಇಲ್ಲೂ ಡಿ7ರ ಕುದುರೆ ಸಿ8ರ ಬಿಷಪ್ಪನ್ನು ಮುಚ್ಚುತ್ತದೆ, ಇ7ರ ಬಿಷಪ್ ಎಫ್8ಕ್ಕೆ ಹೋದರೆ ಡಿ7ರ ಕುದುರೆಗೆ ಆ ಮನೆಯ ದಾರಿ ಇಲ್ಲ. ಎರಡರಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಿ. ಆನೆ ಇ8, ಕುದುರೆ ಡಿ7ರಿಂದ ಎಫ್8, ಅಲ್ಲಿಂದ ಜಿ6 ಎಂಬುದು ಒಂದು ದಾರಿ. ಆಗ ಇ7ರ ಬಿಷಪ್ ಅಲ್ಲೇ ಇರಬೇಕು. ಆನೆ ಇ8, ಬಿಷಪ್ ಎಫ್8, ಆಮೇಲೆ ಡಿ4 ಹೊಡೆದು ಇ4ರ ಮೇಲೆ ಒತ್ತಡ, ಕುದುರೆ ಸಿ5ಗೆ ಎಂಬುದು ಇನ್ನೊಂದು. ಎರಡನ್ನೂ ಅರ್ಧರ್ಧ ಮಾಡಿದವರೇ ರ‍್ಯಾಪಿಡ್‌ನಲ್ಲಿ ಗಡಿಯಾರ ನೋಡುತ್ತಾ ಕೂರುವವರು.

ಡಿ4 ಯಾವಾಗ ಹೊಡೆಯಬೇಕು? ಇ4ರ ಮೇಲೆ ಆನೆ, ಕುದುರೆ ಎರಡರ ಕಣ್ಣೂ ಬಿದ್ದಮೇಲೆ. ಅದಕ್ಕೂ ಮೊದಲೇ ಹೊಡೆದರೆ ಡಿ6ರ ಪಾನ್ ಒಂಟಿ. ಬಿಳಿ ಬಿಷಪ್ ಎಫ್4, ಆನೆ ಡಿ1 ಎಂದು ಅದರ ಮೇಲೇ ಬೀಳುತ್ತದೆ. ಬಿ5 ತಳ್ಳುವ ಆಸೆಯಿದ್ದರೆ ಎ4 ಬರುವ ಮೊದಲೇ. ಎ4 ಬಂದಮೇಲೆ ಬಿ6, ಬಿಷಪ್ ಬಿ7 ಎಂದು ಸುಮ್ಮನಿರುವುದೇ ಲೇಸು. ಬಿಳಿ ಬಿಷಪ್ ಜಿ5ಗೆ ಬಂದರೆ ಎಚ್6 ಕೇಳಿ, ಎಚ್4ಗೆ ಸರಿದರೆ ಎಫ್6ರ ಕುದುರೆಯನ್ನು ಎಚ್7ಗೆ ಇಟ್ಟು ಇ7ರ ಬಿಷಪ್ಪನ್ನು ಬದಲಾಯಿಸಲು ನೋಡಿ. ಒಂದೆರಡು ಸಣ್ಣ ಕಾಯಿ ಹೋದರೆ ಅದೇ ಕೋಟೆ ಎಷ್ಟು ವಿಶಾಲ ಎನ್ನುವುದು ಆಮೇಲೆ ಗೊತ್ತಾಗುತ್ತದೆ. ಎಫ್5 ಆಸೆಯಿಂದ ಬಿಳಿ ಕುದುರೆ ಎಚ್4ಗೆ ಬಂದರೆ ಮೊದಲು ನೋಡಬೇಕಾದದ್ದು ಕರಿ ಕುದುರೆ ಇ4 ಹೊಡೆಯಬಹುದೇ ಎಂದು. ಇ7ರ ಬಿಷಪ್ಪಿಗೆ ಎಚ್4 ತೆರೆದುಕೊಂಡು ಎಷ್ಟೋ ಸಲ ಪಾನ್ ಉಚಿತವಾಗಿ ಸಿಗುತ್ತದೆ.

ಸಿ8ರ ಬಿಷಪ್ ಒಳಗೆ ಕೂತಿರುವುದನ್ನು ಸಹಿಸದವರು ಕ್ಯಾರೋ ಕಾನ್ ನೋಡಲಿ, ಅಲ್ಲಿ ಅದು ಬೇಗ ಆಚೆ ಬರುತ್ತದೆ. ಶಾಲಾ ಮಕ್ಕಳಿಗೆ ಮೊದಲ ಓಪನಿಂಗ್ ಆಗಿ ಫಿಲಿಡೋರ್ ಕೊಡುವುದು ಸರಿಯಲ್ಲ. ಕಾಯಿ ಆಚೆ ತಂದು ಹೊಡೆದಾಡುವುದನ್ನು ಅವರು ಮೊದಲು ಕಲಿಯಲಿ. ತೋಟ, ಅಂಗಡಿ, ಆಫೀಸಿನ ನಡುವೆ ಭಾನುವಾರ ಮಾತ್ರ ಬೋರ್ಡ್ ಮುಟ್ಟುವ ದೊಡ್ಡವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಅವರಿಗೆ ಇನ್ನೊಂದು ಲಾಭವೂ ಇದೆ: 1. ಡಿ4 ಆಡುವವರ ಎದುರೂ ಡಿ6, ಕುದುರೆ ಎಫ್6, ಕುದುರೆ ಡಿ7, ಇ5, ಬಿಷಪ್ ಇ7, ಸಿ6 ಎಂದು ಇದೇ ಕೋಟೆ ಕಟ್ಟಬಹುದು. ಅದಕ್ಕೆ ಓಲ್ಡ್ ಇಂಡಿಯನ್ ಎನ್ನುತ್ತಾರೆ. ಅಲ್ಲಿ ಬಿಳಿಯ ಸಿ4 ಪಾನ್ ಡಿ5ರ ಮೇಲೆ ಕಣ್ಣಿಟ್ಟು ಕೂತಿರುವುದರಿಂದ ಡಿ5 ತಳ್ಳುವ ಆಸೆ ಬಿಟ್ಟು, ಎ5 ಆಡಿ ಸಿ5ರಲ್ಲಿ ಕುದುರೆಗೆ ಜಾಗ ಮಾಡಿಕೊಳ್ಳಿ.